ಹೆಳವರ ವಿಡಿಯೋ

(ಗುಂಪು: ಅಜ್ಜನ ಮನೆ. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೇ ಇವೆ. ನಾನು ಧಾರವಾಡ ಅಕ್ಕ.)

ದೊಡ್ಡ ಕಾಕಾ: [ವಿಡಿಯೋ] ಎಲ್ಲರೂ ತಪ್ಪದೆ ನೋಡಿ. ನಿನ್ನೆ ಮನೆಗೆ ಹೆಳವರು ಬಂದಿದ್ದರು. ನಮ್ಮ ವಂಶಾವಳಿ ಓದಿದರು.

ದೊಡ್ಡ ಕಾಕಾ: ನಮ್ಮದು ವಿಜಯನಗರದ ದಂಡನಾಯಕರ ಮನೆತನ. 1565ರಲ್ಲಿ ರಕ್ಕಸತಂಗಡಿ ಯುದ್ಧ ಆದ ಮೇಲೆ ಈ ಕಡೆ ಬಂದು ನೆಲೆಸಿದವರು. ಮಕ್ಕಳು ಮೊಮ್ಮಕ್ಕಳಿಗೆ ತಿಳಿಸಿ. ಎಲ್ಲರಿಗೂ ಕಳಿಸಿ.

ಬೆಳಗಾವಿ ಕಾಕಾ: 🙏🙏 ನನಗೆ ಮೊದಲಿಂದ ಅನಿಸುತ್ತಿತ್ತು. ಅಪ್ಪನ ಎತ್ತರ, ಆ ಮೀಸೆ. ಸುಮ್ನೆ ಬರುತ್ತಾ ಅದು?

ಹುಬ್ಬಳ್ಳಿ ಅತ್ತಿ: ಬಹಳ ಸಂತೋಷ ಅಣ್ಣಾ. ವಿಡಿಯೋ ಆಮೇಲೆ ನೋಡ್ತೀನಿ, ಒಲೆ ಮೇಲೆ ಬೇಳೆ ಇದೆ.

ಪುಣೆ ತಮ್ಮ: ಕಾಕಾ, ದಂಡನಾಯಕ ಅಂತ ಹೇಳಿದವರು ಯಾರು? ಅಜ್ಜ ಹುಟ್ಟಿದ್ದು 1919. 1565ರಿಂದ ಅಲ್ಲಿಗೆ 354 ವರ್ಷ. ಒಂದು ತಲೆಮಾರಿಗೆ 30 ವರ್ಷ ಹಿಡಿದರೂ ಹತ್ತಿರ ಹತ್ತಿರ ಹನ್ನೆರಡು ತಲೆಮಾರು ಆಗಬೇಕು. ಹೆಳವರು ಅಜ್ಜನಿಂದ ಹಿಂದಕ್ಕೆ ಐದೇ ಹೆಸರು ಓದಿದ್ದಾರೆ. ಉಳಿದವರು ಎಲ್ಲಿ? ಆಧಾರ ಕೊಡಿ.

ದೊಡ್ಡ ಕಾಕಾ: ಆಧಾರ ಬೇಕಾ ನಿನಗೆ? ಅವರ ಹಿರಿಯರು ಎತ್ತಿನ ಮೇಲೆ ಕೂತು ಊರೂರು ತಿರುಗಿ ನಮ್ಮ ಹಿರಿಯರ ಹೆಸರು ಕಾಯ್ದುಕೊಂಡು ಬಂದಿದ್ದಾರೆ. ನಿಮಗೆ ನಿಮ್ಮ ಮುತ್ತಜ್ಜನ ಹೆಸರು ಗೊತ್ತಿಲ್ಲ, ಅವರಿಗೆ ಗೊತ್ತು. ಹಿರಿಯರ ವಿಷಯದಲ್ಲಿ ಲೆಕ್ಕ ಹಾಕುತ್ತಾ ಕೂಡಬಾರದು.

ಪುಣೆ ತಮ್ಮ: ಹೆಳವರನ್ನು ನಾನು ಏನೂ ಅಂದಿಲ್ಲ. ನೀವು ಕಳಿಸಿದ ಬರಹದ ಮೇಲೆ ಎರಡು ಬಾಣ ಇದೆ. ಅದು ಎಲ್ಲೆಲ್ಲೋ ತಿರುಗಿ ಬಂದ ಫಾರ್ವರ್ಡ್.

ಇಳಕಲ್ ವೈನಿ: ಹೆಳವರು ಅಂದ ಕೂಡಲೇ ನನಗೆ ಆ ಎತ್ತಿನ ಗಂಟೆ ಕೇಳಿಸಿತು ನೋಡಿ. ನಾನು ಹೊಸದಾಗಿ ಮದುವೆಯಾಗಿ ಬಂದ ವರ್ಷ ಬಂದಿದ್ದರು. ಕಟ್ಟೆ ಮೇಲೆ ಕಂಬಳಿ ಹಾಸಿ ಕೂರಿಸಿದ್ದೆವು. ಅತ್ತೆಯವರು ಮೊರದ ತುಂಬ ಬಿಳಿಜೋಳ ತಂದು, ತುದಿಗೆ ಒಂದು ಬೆಲ್ಲದ ಉಂಡೆ ಇಟ್ಟು ಕೊಟ್ಟರು. ಒಂದು ಆಕಳ ಕರುವನ್ನೂ ಕೊಟ್ಟರು. ಅದು ಹೋಗುವಾಗ ಎಷ್ಟು ಒದರಿತು!

ಬೆಳಗಾವಿ ಕಾಕಾ: ಆ ಕರು ನನ್ನದು. ನನ್ನನ್ನು ಒಂದು ಮಾತು ಕೇಳದೆ ಕೊಟ್ಟರು.

ದೊಡ್ಡ ಕಾಕಾ: ನಲವತ್ತು ವರ್ಷ ಆಯಿತು. ಇನ್ನೂ ಕರು ಅಂತೀಯಲ್ಲ. ನಿನ್ನ ಟೆಂಪೋದಲ್ಲಿ ಹೋದ ಅಪ್ಪನ ಟ್ರಂಕಿನ ಬಗ್ಗೆ ಯಾವತ್ತಾದರೂ ಮಾತಾಡಿದ್ದೀಯಾ?

ಬೆಳಗಾವಿ ಕಾಕಾ: ಅಣೆಕಟ್ಟಿನ ನೀರಿಗೆ ಊರು ಮುಳುಗಡೆ ಆದ ಸಮಯದಲ್ಲಿ ಮನೆ ಖಾಲಿ ಮಾಡುವಾಗ ಟ್ರಂಕು ಅಟ್ಟದ ಮೇಲೆ ಇತ್ತು. ನಾನು ಮುಟ್ಟಿಲ್ಲ. ಪರಿಹಾರದ ಚೆಕ್ ಯಾರ ಹೆಸರಿಗೆ ಬಂತು ಅಂತ ನಾನು ಕೇಳಲಾ?

ಧಾರವಾಡ ಅಕ್ಕ: ದಯವಿಟ್ಟು ಒಂದು ನಿಮಿಷ. ನಾನು ವಿಡಿಯೋ ಮೂರು ಸಲ ಕೇಳಿದೆ, ಕೊನೆಯ ಸಲ ಕಿವಿಗೆ ಇಯರ್‌ಫೋನ್ ಹಾಕಿಕೊಂಡು. ಅದರಲ್ಲಿ ವಿಜಯನಗರ ಅನ್ನುವ ಮಾತೇ ಇಲ್ಲ. ಎರಡು ನಿಮಿಷ ನಲವತ್ತು ಸೆಕೆಂಡಿಗೆ, ಕಾಕಾ ಯಾರಿಗೋ ಚಹಾ ತರಲು ಹೇಳುವಾಗ, ಅವರು ಅಜ್ಜನ ಅಜ್ಜನ ಹೆಸರು ಓದಿ ಹೀಗೆ ಹೇಳುತ್ತಾರೆ: "ಧಾತು ಬರದಾಗ ತಾಯಿ ಸಂಗಾಟ ಬಂದು ನಿಂತಾಂವ." ಇಷ್ಟೇ. ಚಹಾ ಗದ್ದಲದಲ್ಲಿ ಯಾರಿಗೂ ಕೇಳಿಸಿಲ್ಲ.

ಧಾರವಾಡ ಅಕ್ಕ: ಧಾತು ಸಂವತ್ಸರ ಅಂದರೆ 1876. ಎರಡು ವರ್ಷದ ದೊಡ್ಡ ಬರ. ಆಗ ನಮ್ಮ ಕಡೆ ಎಲ್ಲ ಕಲಾದಗಿ ಜಿಲ್ಲೆ. ಜಿಲ್ಲೆಯ ಕಚೇರಿ ವಿಜಯಪುರಕ್ಕೆ ಹೋಗಿದ್ದು 1885ರಲ್ಲಿ. ಹಾಗಾಗಿ ಹಳೆಯ ಕಾಗದಗಳನ್ನು ಬಾಗಲಕೋಟೆ ಅಂತ ಹುಡುಕಿದರೆ ಸಿಗಲ್ಲ, ಕಲಾದಗಿ ಅಂತ ಹುಡುಕಬೇಕು. ಅಷ್ಟೇ ಅಲ್ಲ, ಬಹಳಷ್ಟು ಮೋಡಿ ಲಿಪಿಯಲ್ಲಿ, ಅಂದರೆ ಮರಾಠಿಯ ಹಳೆಯ ಕೂಡುಬರಹದಲ್ಲಿ, ಇರುತ್ತವೆ. ಓದಲು ಬರುವವರನ್ನು ಹುಡುಕಬೇಕು. ಹೊಲದ ಹಳೆಯ ಉತಾರ (ಪಹಣಿ), ಅಜ್ಜನ ಅಪ್ಪ ತೀರಿಕೊಂಡಾಗ ಆದ ವಾರಸಾ (ವಾರಸುದಾರರ ನೋಂದಣಿ), ಅಜ್ಜನ ಶಾಲೆಯ ದಾಖಲೆ, ಈ ಮೂರು ಸಿಕ್ಕರೆ ಹೆಳವರ ಹೆಸರುಗಳ ಪಕ್ಕ ಇಟ್ಟು ನೋಡಬಹುದು. ನಾನು ಗುರುವಾರ ರಜೆ ಹಾಕಿದ್ದೇನೆ.

ಪುಣೆ ತಮ್ಮ: ಇದು ಮಾತು. ಅಕ್ಕಾ, ಉತಾರದ ಖರ್ಚು ನನ್ನದು.

ದೊಡ್ಡ ಕಾಕಾ: ಅಂದರೆ ನಾವು ಬರಗಾಲಕ್ಕೆ ಗುಳೆ ಬಂದವರು ಅಂತ ನಾಲ್ಕು ಜನರಿಗೆ ಹೇಳಬೇಕಾ? ಬೀಗರೂ ಇದ್ದಾರೆ ಈ ಗುಂಪಿನಲ್ಲಿ.

ಧಾರವಾಡ ಅಕ್ಕ: ಹೇಳಬೇಕು ಕಾಕಾ. ಆ ವರ್ಷ ಮನೆ ಮನೆಗಳೇ ಖಾಲಿಯಾಗಿವೆ. ಕೂಳಿಗಾಗಿ ಜನ ಕೆರೆ ರಸ್ತೆ ಕೆಲಸದಲ್ಲಿ ಮಣ್ಣು ಹೊತ್ತಿದ್ದಾರೆ. ಅಂಥದ್ದರಲ್ಲಿ ಒಬ್ಬ ಹೆಂಗಸು ಮಗನನ್ನು ಕರೆದುಕೊಂಡು ಬಂದು ಅವನನ್ನು ಉಳಿಸಿದ್ದಾಳೆ. ಅವನು ಉಳಿದಿದ್ದಕ್ಕೆ ಅಜ್ಜ, ಅಜ್ಜ ಇದ್ದಿದ್ದಕ್ಕೆ ನೀವು, ನಾವು. ದಂಡನಾಯಕ ನನಗೆ ಬೇಡ. ಅವಳು ಯಾವ ಊರಿನವಳು ಅಂತ ಗೊತ್ತಾದರೆ ಸಾಕು. ವಿಡಿಯೋದಲ್ಲಿ ಅವಳ ಹೆಸರೂ ಇಲ್ಲ.

ಬೆಳಗಾವಿ ಕಾಕಾ: ಹೆಸರು ಆ ಟ್ರಂಕಿನಲ್ಲಿ ಇರಬಹುದು. ನನ್ನ ಹತ್ತಿರ ಇಲ್ಲದ ಟ್ರಂಕಿನಲ್ಲಿ.

ದೊಡ್ಡ ಕಾಕಾ: ನೋಡಿ, ಶುರು ಮಾಡಿದ.

ಇಳಕಲ್ ವೈನಿ: ಜಗಳ ಬೇಡ. ಯಾರ ಹತ್ತಿರವಾದರೂ ಆ ಕಟ್ಟೆಯ ಫೋಟೋ ಇದೆಯಾ? ಬೇವಿನ ಗಿಡ ಇತ್ತಲ್ಲ, ಅದು ಕಾಣುವಂಥದ್ದು. ಈಗ ಅಲ್ಲೆಲ್ಲ ಬರೀ ನೀರು.

ಹುಬ್ಬಳ್ಳಿ ಅತ್ತಿ: ಈಗ ವಿಡಿಯೋ ನೋಡಿದೆ. ಅಣ್ಣಾ, ಅದರಲ್ಲಿ ನನ್ನ ಹೆಸರೂ ಇಲ್ಲ. ಅಣ್ಣತಮ್ಮಂದಿರ ಹೆಸರು ಎಲ್ಲಾ ಬಂತು.

ದೊಡ್ಡ ಕಾಕಾ: ಮೊದಲಿಂದ ಬಂದ ಪದ್ಧತಿ ತಂಗಿ. ನಾನೇನು ಮಾಡಲಿ.

ಹುಬ್ಬಳ್ಳಿ ಅತ್ತಿ: ಬೇಜಾರಿಲ್ಲ. ಒಂದು ನೆನಪಾಯಿತು, ಅದಕ್ಕೆ ಬರೆದೆ. ಮಾನವಮಿ ಅಮಾವಾಸ್ಯೆಗೆ ಅವ್ವ ಹಿರಿಯರ ಮುಂದೆ ಧೋತರ, ರುಮಾಲು ಎಲ್ಲಾ ಇಡುತ್ತಿದ್ದಳಲ್ಲ. ಅವುಗಳಿಂದ ಒಂದು ಮೊಳ ದೂರ, ಬೇರೆ ಮಣೆಯ ಮೇಲೆ, ಒಂದು ಸೀರೆ ಇಡುತ್ತಿದ್ದಳು. ಯಾರಿಗವ್ವಾ ಅಂತ ಕೇಳಿದರೆ "ನಡಕೊಂಡು ಬಂದಾಕಿಗೆ" ಅನ್ನುತ್ತಿದ್ದಳು. ನಾನು ಯಾವುದೋ ದೇವಿ ಅಂದುಕೊಂಡಿದ್ದೆ.

ಧಾರವಾಡ ಅಕ್ಕ: ಅತ್ತಿ, ಬೇರೆ ಏನಾದರೂ ಹೇಳುತ್ತಿದ್ದಳಾ? ಯಾವ ದಿಕ್ಕು, ಯಾವ ಹೊಳೆ, ಯಾವ ದೇವರು, ಏನಾದರೂ?

ಹುಬ್ಬಳ್ಳಿ ಅತ್ತಿ: ಆ ಮಣೆ ಒಂದನ್ನೇ ಮೂಡಣಕ್ಕೆ ಮುಖ ಮಾಡಿ ಇಡುತ್ತಿದ್ದಳು. ಬೇರೆ ಎಲ್ಲಾ ನಮ್ಮ ಕಡೆಗೆ.

ದೊಡ್ಡ ಕಾಕಾ: ಹೌದು. ಹಸಿರು ಸೀರೆ, ಕೆಂಪು ಸೆರಗು. ನನಗೂ ನೆನಪಿದೆ.

ದೊಡ್ಡ ಕಾಕಾ: ಗುರುವಾರ ಎಷ್ಟು ಗಂಟೆಗೆ ಹೊರಡುತ್ತೀಯವ್ವಾ? ನಾನೂ ಬರ್ತೀನಿ. ಆದರೆ ಟ್ರಂಕಿನ ಮಾತು ಬೇರೆ, ಅದನ್ನು ನಾನು ಬಿಡೋದಿಲ್ಲ.