ನನ್ನ ಗುರಿ ಏನು ಅಂತ ಎರಡು ಪುಟ ಬರೆಯಬೇಕಂತೆ, ಏನು ಬರೆಯಲಿ?

ಆಲೆಮನೆ ಹುಡುಗಿ:

ಮದ್ದೂರು ಕಡೆಯ ಹಳ್ಳಿಯವಳು ನಾನು. ಮಂಡ್ಯದಲ್ಲಿ ಬಿಎಸ್ಸಿ ಕೊನೆಯ ವರ್ಷ, ಕೆಮಿಸ್ಟ್ರಿ ಮತ್ತು ಬಾಟನಿ. ಮುಂದೆ ಎಂಎಸ್ಸಿ ಮಾಡಬೇಕು, ಅದೂ ಆಹಾರಕ್ಕೆ ಸಂಬಂಧಪಟ್ಟದ್ದೇ ಆಗಬೇಕು ಅಂತ ಆಸೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಮೇಲೆ ಕಣ್ಣಿದೆ, ಅದು ಆಗದಿದ್ದರೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ. ಇಷ್ಟರಲ್ಲಿ ನಮ್ಮ ಕೆಮಿಸ್ಟ್ರಿ ಮೇಡಂ ಯುರೋಪಿನ ಎರಾಸ್ಮಸ್ ಮುಂಡಸ್ ಸ್ಕಾಲರ್‌ಶಿಪ್ ಬಗ್ಗೆ ಹೇಳಿ ತಲೆಯಲ್ಲಿ ಹುಳ ಬಿಟ್ಟಿದ್ದಾರೆ. ಒಂದೇ ಕೋರ್ಸನ್ನು ಬೇರೆ ಬೇರೆ ದೇಶಗಳಲ್ಲಿ ಓದುವುದು, ಫೀಸು ಅವರದೇ, ಮೇಲೆ ತಿಂಗಳಿಗೆ 1,400 ಯೂರೋ. ಸಿಗುವುದು ಸುಲಭ ಅಲ್ಲ, ಆದರೆ ಹಾಕಿ ನೋಡು, ಕಳೆದುಕೊಳ್ಳುವುದೇನಿದೆ ಅಂದರು.

ಕಷ್ಟ ಇರುವುದು ಅರ್ಜಿಯ ಜೊತೆ ಕೊಡುವ ಪತ್ರದಲ್ಲಿ. ನಿನ್ನ ಓದಿನ ಗುರಿ ಏನು, ಇದೇ ಯಾಕೆ ಓದಬೇಕು, ಓದಿ ಏನು ಮಾಡುತ್ತೀಯ, ಇಷ್ಟನ್ನು ಎರಡು ಪುಟದಲ್ಲಿ ಹೇಳಬೇಕು. ನಾನು ಶುರು ಮಾಡಿದ್ದು ಹೀಗೆ: 'ಬಾಲ್ಯದಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ. ಸಮಾಜಕ್ಕೆ ಸೇವೆ ಸಲ್ಲಿಸುವುದು ನನ್ನ ಕನಸು.' ಬರೆದು ಓದಿದರೆ ನನಗೇ ನಗು ಬಂತು. ಬಾಲ್ಯದಲ್ಲಿ ನನಗೆ ಆಸಕ್ತಿ ಇದ್ದದ್ದು ಕುಂಟೆಬಿಲ್ಲೆಯಲ್ಲಿ. ಬಿಎಸ್ಸಿಗೆ ಸೇರಿದ್ದು ನೀಟ್‌ನಲ್ಲಿ ಸೀಟು ಬರಲಿಲ್ಲ ಅಂತ. ಇದನ್ನೆಲ್ಲ ಬರೆಯುವುದಕ್ಕೆ ಆಗುತ್ತಾ? ಗೆಳತಿ ಚಾಟ್‌ಜಿಪಿಟಿಯಲ್ಲಿ ಬರೆಸಿಕೊಟ್ಟಳು, ಇಂಗ್ಲಿಷ್ ಏನೋ ಚೆನ್ನಾಗಿದೆ, ಆದರೆ ಅದರಲ್ಲಿರುವ ಹುಡುಗಿ ಯಾರು ಅಂತ ಗೊತ್ತಾಗಲಿಲ್ಲ.

ಮನೆಯಲ್ಲಿ ಅಪ್ಪ ಬಿಎಡ್ ಮಾಡು ಅನ್ನುತ್ತಾರೆ. ಬೈದು ಹೇಳುವುದಿಲ್ಲ, ಸುಮ್ನೆ ಊಟಕ್ಕೆ ಕೂತಾಗ ಒಂದು ಸಲ ಹೇಳುತ್ತಾರೆ, ಅಷ್ಟೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದು, ಹಾಗಾಗಿ ಇಂಗ್ಲಿಷಿನಲ್ಲಿ ಎರಡು ಪುಟ ಅಂದರೇ ಕೈ ನಡುಗುತ್ತದೆ. ಇಂಥ ಪತ್ರ ಬರೆದು ಅನುಭವ ಇರುವವರು ದಯವಿಟ್ಟು ಹೇಳಿ. ಗುರಿ ಅಂದರೆ ಏನು ಬರೆಯುತ್ತಾರೆ?

ಕುಕ್ಕರಹಳ್ಳಿ ಏರಿ:

ಗಂಗೋತ್ರಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ನಾಲ್ಕನೇ ವರ್ಷ. ಯಾವಾಗ ಮುಗಿಯುತ್ತೆ ಅಂತ ಮಾತ್ರ ಕೇಳಬೇಡಿ.

ಮೊದಲು ಒಂದು ಮಾತು. ಸಿಎಫ್‌ಟಿಆರ್‌ಐ ಎಂಎಸ್ಸಿಗೆ ಪ್ರವೇಶ ಪರೀಕ್ಷೆ ಬರೆಯಬೇಕು, ಅಲ್ಲಿ ನಿಮ್ಮ ಪತ್ರಕ್ಕಿಂತ ಅಂಕ ಮುಖ್ಯ. ಪಿಯುಸಿಯಲ್ಲಿ ಮತ್ತು ಡಿಗ್ರಿಯಲ್ಲಿ ಯಾವ ಯಾವ ವಿಷಯ ಇರಬೇಕು ಅನ್ನುವುದನ್ನು ಈ ವರ್ಷದ ಪ್ರಕಟಣೆ ಬಂದ ಕೂಡಲೇ ಓದಿಕೊಳ್ಳಿ, ಹೋದ ವರ್ಷ ಸೇರಿದವರ ಬಾಯಿಮಾತು ನಂಬಬೇಡಿ. ಆ ಓದು ಒಂದು ಕಡೆ ನಡೆಯುತ್ತಿರಲಿ. ಪತ್ರ ಬೇಕಾಗಿರುವುದು ಯುರೋಪಿಗೆ.

ನಾನೂ ಒಮ್ಮೆ ಬೇಸಿಗೆಯ ಸಂಶೋಧನಾ ಫೆಲೋಶಿಪ್ಪಿಗೆ ಇಂಥದ್ದೇ ಒಂದು ಬರೆದಿದ್ದೆ. ವಿಶ್ವೇಶ್ವರಯ್ಯನವರಿಂದ ಹಿಡಿದು ಅಬ್ದುಲ್ ಕಲಾಂವರೆಗೆ ಎಲ್ಲರನ್ನೂ ತಂದು ಕೂರಿಸಿದ್ದೆ. ಮಂಡ್ಯ ಜಿಲ್ಲೆಯವನು ಅಂದಮೇಲೆ ಕೆಆರ್‌ಎಸ್ ಬರಲೇಬೇಕಲ್ಲ, ಅದೂ ಇತ್ತು. ಓದಿದ ಮೇಷ್ಟ್ರು ಒಂದೇ ಕೇಳಿದರು, 'ಅಣೆಕಟ್ಟೆಲ್ಲ ಸರಿ ಕಣಯ್ಯ, ನಿನಗೆ ಗೊತ್ತಾಗದೆ ಇರುವುದು ಏನು?' ನನಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. ಆಮೇಲೆ ಬಿಡಿಸಿ ಹೇಳಿದರು. ಓದುವುದಕ್ಕೆ ಬರುವವನಿಗೆ ಏನೋ ಒಂದು ಗೊತ್ತಾಗದೆ ಕಾಡುತ್ತಿರಬೇಕು, ಅದನ್ನು ತಿಳಿಯಬೇಕಾದರೆ ಈ ಕೋರ್ಸೇ ಬೇಕು ಅಂತ ಕಾಣಬೇಕು, ಅಷ್ಟನ್ನು ಬರೆದರೆ ಸಾಕು, ಉಳಿದದ್ದೆಲ್ಲ ಎಲ್ಲರ ಪತ್ರದಲ್ಲೂ ಇರುತ್ತದೆ ಅಂತ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನಿಮ್ಮ ಹೆಸರು ಇಲ್ಲಿ ಆಲೆಮನೆ ಹುಡುಗಿ. ಇಷ್ಟುದ್ದ ಬರೆದಿದ್ದೀರಿ, ಆಲೆಮನೆ ಬಗ್ಗೆ ಒಂದು ಸಾಲೂ ಇಲ್ಲ! ಕುಂಟೆಬಿಲ್ಲೆ ಇದೆ, ನೀಟ್ ಇದೆ, ಬಿಎಡ್ ಇದೆ. ಆ ಹೆಸರು ಯಾಕೆ ಇಟ್ಟುಕೊಂಡಿರಿ? ಅಲ್ಲಿ ನಿಮಗೆ ಗೊತ್ತಾಗದ್ದು ಏನಾದರೂ ಇದೆಯಾ? ಇಂಗ್ಲಿಷ್ ಮರೆತುಬಿಡಿ. ಮೊದಲು ಕನ್ನಡದಲ್ಲೇ ಬರೆದು ಇಲ್ಲಿ ಹಾಕಿ.

ಸಕ್ಕರೆನಾಡು ಸೀನ:

ಎಲ್ಲ ಚೆನ್ನಾಗಿದೆ, ಆದರೆ ಸ್ವಲ್ಪ ನೆಲದ ಮೇಲೂ ನಿಂತು ಮಾತಾಡೋಣ. ನಾನು ಎಂಎಸ್ಸಿ ಕೆಮಿಸ್ಟ್ರಿ ಮಾಡಿದವನು. ಮಂಡ್ಯದಿಂದ ಮೈಸೂರಿಗೆ ಎರಡು ವರ್ಷ ದಿನಾ ರೈಲಿನಲ್ಲಿ ಓಡಾಡಿದೆ, ಬಾಗಿಲ ಹತ್ತಿರ ಒಂದು ಕಾಲಲ್ಲಿ ನಿಂತು. ಈಗ ನಂಜನಗೂಡು ಕಡೆಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಕಂಟ್ರೋಲ್ ಕೆಲಸ. ಸೇರುವಾಗ ಕೊಟ್ಟ ಸಂಬಳ ಹೇಳಿದರೆ ನಿಮ್ಮ ಅಪ್ಪ ಇವತ್ತೇ ಬಿಎಡ್ ಅರ್ಜಿ ತರುತ್ತಾರೆ.

ಹೆದರಿಸುವುದಕ್ಕೆ ಹೇಳುತ್ತಿಲ್ಲ. ಕೆಲಸ ಬೇಕು, ಮನೆಗೆ ದುಡ್ಡು ಬೇಕು ಅನ್ನುವುದೂ ಒಂದು ಗುರಿಯೇ, ಅದಕ್ಕೆ ನಾಚಿಕೆ ಬೇಡ. ಪತ್ರದಲ್ಲಿ ಅದನ್ನು ಮುಂದೆ ಇಡಬೇಡಿ, ಆದರೆ ನಿಮ್ಮ ಲೆಕ್ಕದಲ್ಲಿ ಇರಲಿ. ಎಂಎಸ್ಸಿ ಆದಮೇಲೆ ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ (ಪಿಎಚ್‌ಡಿ ಮಾಡುವವರಿಗೆ ಕೊಡುವ ಫೆಲೋಶಿಪ್) ತೆಗೆದುಕೊಂಡರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಬರುತ್ತದೆ, ಆಮೇಲೆ 42,000. ಅಪ್ಪನಿಗೆ ಇದನ್ನು ಹೇಳಿದ್ದೀರಾ? ಓದುವುದಕ್ಕೂ ಸಂಬಳ ಕೊಡುತ್ತಾರೆ ಅಂತ ನಮ್ಮ ಕಡೆ ಬಹಳ ಜನಕ್ಕೆ ಗೊತ್ತೇ ಇಲ್ಲ. ನನ್ನ ಅಪ್ಪನಿಗೆ ಹೇಳಿದಾಗ ಮೂರು ಸಲ ಕೇಳಿದರು, 'ಕೊಡೋರು ಯಾರು? ಯಾಕೆ ಕೊಡ್ತಾರೆ?'

ಯುರೋಪಿಗೆ ಅಂದರೆ ಬಹುತೇಕ ಕಡೆ ಇಂಗ್ಲಿಷ್ ಪರೀಕ್ಷೆ ಕೇಳುತ್ತಾರೆ. ಐಇಎಲ್‌ಟಿಎಸ್ ಒಂದಕ್ಕೇ ಹದಿನೈದು ಸಾವಿರಕ್ಕಿಂತ ಜಾಸ್ತಿ ಆಗುತ್ತದೆ, ಅಂಕ ಎರಡು ವರ್ಷ ಮಾತ್ರ ನಡೆಯುತ್ತದೆ. ಅದಕ್ಕೇ ಆತುರಕ್ಕೆ ಬಿದ್ದು ಬರೆಯಬೇಡಿ. ಕಳೆದುಕೊಳ್ಳುವುದೇನಿದೆ ಅಂದ ಮೇಡಂಗೆ ಇದನ್ನೂ ಒಂದು ಮಾತು ಕೇಳಿ.

ಆಲೆಮನೆ ಹುಡುಗಿ:

ಎರಡು ದಿನ ಆಯ್ತು, ಸಾರಿ. ಇಂಟರ್ನಲ್ಸ್ ಇತ್ತು.

ಏರಿ ಸರ್ ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ಆಲೆಮನೆ ನಮ್ಮದಲ್ಲ. ಅಪ್ಪ ಅಲ್ಲಿ ಪಾಕ ನೋಡುವವರು. ಕೊಪ್ಪರಿಗೆಯಲ್ಲಿ ಹಾಲು ಕುದಿಯುವಾಗ (ಬೆಂಗಳೂರಿನವರಿಗೆ: ಕಬ್ಬಿನ ಹಾಲು) ಮೇಲೆ ಬರುವ ಮಡ್ಡಿ ತೆಗೆಯುತ್ತಾ ಇರಬೇಕು, ಸುಣ್ಣ ಎಷ್ಟು ಹಾಕಬೇಕು ಅಂತ ನೋಡಬೇಕು, ಕೊನೆಗೆ ಪಾಕ ಹದ ಬಂತಾ ಅಂತ ತಣ್ಣೀರಿಗೆ ಒಂದು ತೊಟ್ಟು ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ಹೇಳಬೇಕು. ಒಂದು ನಿಮಿಷ ಆಚೀಚೆ ಆದರೂ ಬೆಲ್ಲ ಹಾಳು. ಹೋದ ವರ್ಷ ಕಾಲೇಜಿನ ಲ್ಯಾಬಿನಿಂದ ಥರ್ಮಾಮೀಟರ್ ಕೇಳಿ ತಂದು ಅಪ್ಪ 'ಬಂತು' ಅಂದಾಗಲೆಲ್ಲ ಮೇಲಿನಿಂದ ಅದ್ದಿ ನೋಡಿದೆ. ಪ್ರತಿ ಸಲವೂ 115ರಿಂದ 120 ಡಿಗ್ರಿ ಒಳಗೇ ಇತ್ತು! ಅಪ್ಪ ಅದನ್ನು ನೋಡಿ, ಈ ಕಡ್ಡಿ ನನ್ನ ಬೆರಳಿಗಿಂತ ನಿಧಾನ ಅಂದರು.

ನನಗೆ ಗೊತ್ತಾಗದೆ ಕಾಡುವುದು ಬಣ್ಣ. ಹೈಡ್ರೋಸ್ ಹಾಕಿದರೆ ಬೆಲ್ಲ ಹಳದಿ ಆಗುತ್ತದೆ, ಮಂಡಿಯಲ್ಲಿ ಬೆಲೆ ಬರುತ್ತದೆ. ಹಾಕದಿದ್ದರೆ ಕಪ್ಪು, ಬೆಲೆ ಇಲ್ಲ. ಅಪ್ಪನಿಗೆ ಅದನ್ನು ಹಾಕುವುದು ಇಷ್ಟ ಇಲ್ಲ. ನಮ್ಮ ಮನೆಗೆ ತರುವ ಬೆಲ್ಲಕ್ಕೆ ಹಾಕುವುದೂ ಇಲ್ಲ. (ಇದನ್ನು ಬರೆಯುವಾಗ ಒಂಥರಾ ಆಗುತ್ತಿದೆ.) ಅದು ಸೋಡಿಯಂ ಹೈಡ್ರೋಸಲ್ಫೈಟ್, ಬಣ್ಣವನ್ನು ಅಪಕರ್ಷಣೆ ಮಾಡುತ್ತದೆ, ಗಂಧಕದ ಅಂಶ ಬೆಲ್ಲದಲ್ಲಿ ಉಳಿಯುತ್ತದೆ, ಅದಕ್ಕೆ ಕಾನೂನಿನ ಮಿತಿ ಇದೆ, ಇಷ್ಟು ಓದಿಕೊಂಡಿದ್ದೇನೆ. ಆದರೆ ಹಳದಿ ಬೆಲ್ಲ ಕೆಲವು ತಿಂಗಳು ಇಟ್ಟರೆ ಮತ್ತೆ ಕಪ್ಪಾಗುತ್ತದೆ. ಹಾಗಾದರೆ ಆ ಬಣ್ಣ ಹೋಗಿರಲೇ ಇಲ್ಲ ಅಂತಾಯ್ತಲ್ಲ?

ಅಜ್ಜಿ ಕಾಲದಲ್ಲಿ ಬೆಂಡೆಗಿಡ ಜಜ್ಜಿ ಅದರ ಲೋಳೆ ಹಾಕುತ್ತಿದ್ದರಂತೆ. ಮಡ್ಡಿ ಅದಕ್ಕೆ ಅಂಟಿಕೊಂಡು ಮೇಲೆ ಬರುತ್ತದೆ. ಹಾಗೆ ಮಾಡಿದ ಬೆಲ್ಲ ಒಂದು ಸಲ ಚೆನ್ನಾಗಿ ಬರುತ್ತದೆ, ಇನ್ನೊಂದು ಸಲ ಬರುವುದಿಲ್ಲ. ಅಪ್ಪನನ್ನು ಕೇಳಿದರೆ 'ಅದು ಕಬ್ಬಿನ ಮೇಲೆ ಹೋಯ್ತದೆ' ಅಂತಾರೆ. ಕಬ್ಬಿನಲ್ಲಿ ಏನರ ಮೇಲೆ? ತಳಿಯಾ? ಯೂರಿಯಾ ಜಾಸ್ತಿ ಹಾಕಿದ್ದಾ? ಕಡಿದು ಎರಡು ದಿನ ಬಿಟ್ಟು ಅರೆದದ್ದಾ? ಇಷ್ಟೇ ನನಗೆ ಗೊತ್ತಾಗದೆ ಇರುವುದು. ಇದು ಎರಡು ಪುಟ ಆಗುತ್ತಾ? ಅವರಿಗೆ ನಗು ಬರಲ್ವಾ, ಬೆಲ್ಲ ಅಂದರೆ?

ಕುಕ್ಕರಹಳ್ಳಿ ಏರಿ:

ಅಯ್ಯೋ, ಇದನ್ನು ಇಟ್ಟುಕೊಂಡು 'ಬಾಲ್ಯದಿಂದಲೂ ಅಪಾರ ಆಸಕ್ತಿ' ಅಂತ ಬರೆಯುವುದಕ್ಕೆ ಹೊರಟಿದ್ದಿರಾ?

ಪತ್ರ ಇದೇ. ಮೊದಲ ಸಾಲು ಥರ್ಮಾಮೀಟರ್ ಆಗಲಿ. ಲ್ಯಾಬಿನಿಂದ ತಂದೆ, ಅಪ್ಪ ಹದ ಹೇಳಿದಾಗಲೆಲ್ಲ ಅಳೆದೆ, ಇಷ್ಟು ಬಂತು. ಓದುವವನು ಅಲ್ಲೇ ನೇರವಾಗಿ ಕೂರುತ್ತಾನೆ. ಆಮೇಲೆ ಬಣ್ಣದ ಪ್ರಶ್ನೆ, ಬೆಂಡೆ ಲೋಳೆ ಒಂದು ಸಲ ಕೆಲಸ ಮಾಡಿ ಇನ್ನೊಂದು ಸಲ ಮಾಡದೆ ಇರುವುದು. ಅದಾದ ಮೇಲೆ ಮುಖ್ಯವಾದ ಜಾಗ, ನೀವು ಬಿಟ್ಟಿರುವುದು ಅದನ್ನೇ: ಈ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೆ ನಿಮಗೆ ಏನು ಬರುವುದಿಲ್ಲ? ಬಣ್ಣ ಅಳೆಯುವುದು ಬರುವುದಿಲ್ಲ, ಬಣ್ಣಕ್ಕೆ ಕಾರಣವಾಗುವ ಪಾಲಿಫಿನಾಲ್ ಬೇರ್ಪಡಿಸುವುದು ಬರುವುದಿಲ್ಲ, ಒಂದು ಪ್ರಯೋಗದಲ್ಲಿ ತಳಿ, ಗೊಬ್ಬರ, ಕಡಿದ ಮೇಲಿನ ಸಮಯ ಮೂರನ್ನೂ ಹೇಗೆ ಬೇರೆ ಬೇರೆ ಮಾಡಿ ನೋಡಬೇಕು ಅನ್ನುವುದು ಬರುವುದಿಲ್ಲ. ಆ ಕೋರ್ಸಿನ ಪಠ್ಯ ತೆಗೆದು ನೋಡಿ, ಯಾವ ಸೆಮಿಸ್ಟರಿನಲ್ಲಿ ಇದನ್ನು ಕಲಿಸುತ್ತಾರೆ ಅಂತ ಅದರ ಹೆಸರು ಹಿಡಿದು ಬರೆಯಿರಿ. 'ಇದೇ ಯಾಕೆ ಓದಬೇಕು' ಅನ್ನುವುದಕ್ಕೆ ಅದೇ ಉತ್ತರ.

ನೀಟ್ ವಿಷಯ ಬೇಕಾದರೆ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿ, ಮುಚ್ಚಿಡುವಂಥದ್ದು ಏನಲ್ಲ. ಮನೆಯ ಬೆಲ್ಲಕ್ಕೆ ಹಾಕುವುದಿಲ್ಲ ಅಂದಿರಲ್ಲ, ಅದನ್ನು ಖಂಡಿತ ಬರೆಯಿರಿ. ಒಂಥರಾ ಆಯ್ತು ಅಂದಿರಲ್ಲ, ಅದಕ್ಕೇ ಬರೆಯಿರಿ ಅನ್ನುತ್ತಿದ್ದೇನೆ.

ನಿವೃತ್ತ ಮೇಷ್ಟ್ರು:

ಬೆಲ್ಲ ಅಂದರೆ ನಗುತ್ತಾರಾ ಅಂತ ಕೇಳಿದ್ದೀಯಲ್ಲಮ್ಮ, ಅದಕ್ಕೆ ಒಂದು ಮಾತು. ಮಂಡ್ಯದ ಸಕ್ಕರೆ ಕಾರ್ಖಾನೆ ಬರುವುದಕ್ಕೆ ದುಡಿದ ಲೆಸ್ಲಿ ಕೋಲ್ಮನ್ ಕೆನಡಾದಿಂದ ಬಂದವರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದಾಗ ಅವರು ಗಿಡದ ರೋಗ, ಹುಳ ನೋಡುವ ವಿಜ್ಞಾನಿ. ಮಲೆನಾಡಿನ ಅಡಿಕೆಯ ಕೊಳೆರೋಗದ ಹಿಂದೆ ಬಿದ್ದರು. ಅಡಿಕೆ ಯಾಕೆ ಕೊಳೆತು ಉದುರುತ್ತದೆ ಅನ್ನುವುದು ಆ ಕಾಲಕ್ಕೆ ಅವರ ಊರಿನವರಿಗೆ ನಗು ಬರುವ ಪ್ರಶ್ನೆಯೇ ಆಗಿರಬಹುದು. ಇಂದಿಗೂ ಆ ರೋಗ ಬರದಿರಲಿ ಅಂತ ಮಳೆಗಾಲಕ್ಕೆ ಮುಂಚೆ ತೋಟದವರು ಹೊಡೆಯುವುದು ಅವರು ರೂಢಿಗೆ ತಂದ ಬೋರ್ಡೋ ದ್ರಾವಣವನ್ನೇ (ಮೈಲುತುತ್ತ, ಸುಣ್ಣ ಬೆರೆಸಿದ್ದು).

ಇನ್ನೊಂದು. ನಿನ್ನ ಊರಿನಿಂದ ವಿ.ಸಿ. ಫಾರಂ (ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ) ಎಷ್ಟು ದೂರ? ಕಬ್ಬಿನ ಮೇಲೆ ಕೆಲಸ ಮಾಡುವವರು ಅಲ್ಲೇ ಇದ್ದಾರೆ, ವಿಸಿಎಫ್ 0517 ಅಂತ ತಳಿ ಬಿಟ್ಟವರು ಅವರೇ. ಯುರೋಪಿಗೆ ಪತ್ರ ಹಾಕುವ ಮುಂಚೆ ಒಂದು ದಿನ ಬಸ್ಸು ಹತ್ತಿ ಅಲ್ಲಿಗೆ ಹೋಗಿ ನಿನ್ನ ಪ್ರಶ್ನೆ ಕೇಳು. ಅರ್ಧ ಉತ್ತರ ಅಲ್ಲೇ ಸಿಕ್ಕಿದರೆ ಪತ್ರದಲ್ಲಿ ಉಳಿದರ್ಧ ಮಾತ್ರ ಬರೆದರಾಯಿತು. ಅಕ್ಕಪಕ್ಕದವರಿಗೆ ಗೊತ್ತಿರುವುದನ್ನು ಕೇಳದೆ ದೂರದವರನ್ನು ಕೇಳುವ ಚಾಳಿ ನಮ್ಮ ಹುಡುಗರದು, ಬೇಜಾರು ಮಾಡಿಕೊಳ್ಳಬೇಡ.

ಕಡಿದ ಕಬ್ಬು ಬಿಟ್ಟಷ್ಟೂ ಅದರಲ್ಲಿರುವ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಅಂಥ ಬೆಲ್ಲ ಗಟ್ಟಿ ಆಗುವುದಿಲ್ಲ, ಮಳೆಗಾಲದಲ್ಲಿ ನೀರು ಎಳೆದುಕೊಳ್ಳುತ್ತದೆ. ಬಣ್ಣದ ಮಾತು ಬೇರೆ. ಸುಣ್ಣ ಹೆಚ್ಚಾದರೂ ಕಪ್ಪಾಗುತ್ತದೆ, ಅದನ್ನೂ ನಿನ್ನ ಪಟ್ಟಿಗೆ ಸೇರಿಸಿಕೋ.

ಸಕ್ಕರೆನಾಡು ಸೀನ:

ಮೇಷ್ಟ್ರು ಹೇಳಿದ್ದು ಸರಿ. ನನ್ನದೂ ಒಂದು: ಶಿಫಾರಸು ಪತ್ರಕ್ಕೆ ಪ್ರಿನ್ಸಿಪಾಲರ ಹಿಂದೆ ಓಡಬೇಡಿ. ದೊಡ್ಡ ಸೀಲು ಇದ್ದರೆ ಸಾಕು ಅಂತ ನಾನು ಹಾಗೇ ಮಾಡಿದ್ದೆ. 'ಇವನು ಸದ್ಗುಣಿ, ಹಾಜರಾತಿ ಚೆನ್ನಾಗಿದೆ' ಅಂತ ನಾಲ್ಕು ಸಾಲು ಬಂತು. ಆ ಥರ್ಮಾಮೀಟರ್ ಕೊಟ್ಟರಲ್ಲ ಲ್ಯಾಬಿನಲ್ಲಿ, ಯಾರು ಕೊಟ್ಟಿದ್ದು? ಅವರಿಂದಲೇ ಬರೆಸಿ.

ಮತ್ತೆ, ಬೆಂಡೆ ಲೋಳೆಯ ಬೆಲ್ಲ ಬಂದಾಗ ನನಗೂ ಎರಡು ಕೇಜಿ. ದುಡ್ಡು ಕೊಡುತ್ತೇನೆ, ಕಪ್ಪಾದರೂ ಪರವಾಗಿಲ್ಲ.

ಆಲೆಮನೆ ಹುಡುಗಿ:

ಥರ್ಮಾಮೀಟರ್ ಕೊಟ್ಟಿದ್ದು ಅದೇ ಮೇಡಂ! ಒಡೆದರೆ ನನ್ನ ಸಂಬಳದಲ್ಲಿ ಹಿಡೀತಾರೆ ಅಂತ ಹೇಳಿಯೇ ಕೊಟ್ಟಿದ್ದರು. ಶಿಫಾರಸು ಬರೆಯುತ್ತೇನೆ ಅಂದಿದ್ದಾರೆ. ಐಇಎಲ್‌ಟಿಎಸ್ ದುಡ್ಡಿನ ಮಾತು ಕೇಳಿ ಸ್ವಲ್ಪ ಹೊತ್ತು ಸುಮ್ಮನಾದರು, ಇಂಗ್ಲಿಷ್ ಮಾಧ್ಯಮದಲ್ಲಿ ಡಿಗ್ರಿ ಆಗಿದೆ ಅಂತ ಕಾಲೇಜಿನಿಂದ ಪತ್ರ ಕೊಟ್ಟರೆ ಒಪ್ಪುವ ಕೋರ್ಸ್ ಇದೆಯಾ ಅಂತ ಹುಡುಕೋಣ ಅಂದರು.

ಕನ್ನಡದಲ್ಲಿ ಒಂದೂವರೆ ಪುಟ ಆಗಿದೆ. ನಿನ್ನೆ ರಾತ್ರಿ ಅಪ್ಪನಿಗೆ ಓದಿ ಹೇಳಿದೆ. ಮನೆಯ ಬೆಲ್ಲಕ್ಕೆ ಹಾಕುವುದಿಲ್ಲ ಅನ್ನುವ ಸಾಲು ಬಂದಾಗ, ಅದನ್ನು ತೆಗಿ, ಸಾಹುಕಾರರ ಕಿವಿಗೆ ಬಿದ್ದರೆ ಏನಂದುಕೊಂಡಾರು ಅಂದರು. ಇದನ್ನು ಓದುವವರು ಇರುವುದು ಯುರೋಪಿನಲ್ಲಿ ಅಪ್ಪ ಅಂದೆ. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಬಿಎಡ್ ಮಾತೂ ತೆಗೆಯಲಿಲ್ಲ. ಆಮೇಲೆ, ಸುಣ್ಣದ ಲೆಕ್ಕ ತಪ್ಪಾಗಿ ಬರೆದಿದ್ದೀಯ, ನಾಳೆ ಬಂದು ನೋಡ್ಕೊಂಡು ಬರಿ ಅಂದರು.

ಶನಿವಾರ ವಿ.ಸಿ. ಫಾರಂಗೆ ಹೋಗುತ್ತಿದ್ದೇನೆ. ಹೋಗಿ ಬಂದು ಬರೆಯುತ್ತೇನೆ.