ಅಪಾಯದ ಪಟ್ಟಿಯಲ್ಲಿ ಸೊನ್ನೆ ಅಂಕ ಬಂದ ಮನೆ: ಮಕ್ಕಳ ಜೀವ ತೆಗೆಯುವ ಹಿಂಸೆಗೆ ಒಂದು ಚಹರೆ ಇದೆಯೇ?

ಪ್ರಶ್ನೆ: ಸಮಾಜಕಾರ್ಯ ವಿದ್ಯಾರ್ಥಿನಿ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಾನು ಸಮಾಜಕಾರ್ಯದ ಎರಡನೆಯ ವರ್ಷದ ಸ್ನಾತಕೋತ್ತರ ವಿದ್ಯಾರ್ಥಿನಿ. ಕ್ಷೇತ್ರಕಾರ್ಯದ ಭಾಗವಾಗಿ ವಾರಕ್ಕೆ ಎರಡು ದಿನ ನಗರದ ಒಂದು ಬಡಾವಣೆಯಲ್ಲಿ ಮನೆಮನೆಗೆ ಹೋಗಿ ಬಾಣಂತಿಯರನ್ನೂ ಚಿಕ್ಕ ಮಕ್ಕಳನ್ನೂ ನೋಡಿ ಬರುತ್ತೇನೆ. ನಮಗೆ ಕೊಟ್ಟಿರುವ ನಮೂನೆಯಲ್ಲಿ ಮಕ್ಕಳ ಮೇಲಿನ ಹಿಂಸೆಗೆ ಸಂಬಂಧಿಸಿದ ಹದಿನಾಲ್ಕು ಅಪಾಯದ ಅಂಶಗಳಿವೆ: ಮನೆಯಲ್ಲಿ ಕುಡಿತ, ಬಡತನ, ಹೆಂಡತಿಗೆ ಹೊಡೆಯುವ ಗಂಡ, ಇಪ್ಪತ್ತು ದಾಟದ ತಾಯಿ, ಮಲತಂದೆ, ಮಾನಸಿಕ ಕಾಯಿಲೆ, ಬೇಡವಾದ ಬಸಿರು ಇತ್ಯಾದಿ. ಒಂದೊಂದಕ್ಕೂ ಗುರುತು ಹಾಕಿ ಕೂಡಿದರೆ ಆ ಮನೆಯ ಅಂಕ ಬರುತ್ತದೆ.

ಕಳೆದ ವಾರ ನೋಡಿದ ಒಂದು ಮನೆಗೆ ಬಂದ ಅಂಕ ಸೊನ್ನೆ. ಸ್ವಂತ ಮನೆ, ತಿಂಗಳ ಸಂಬಳದ ಕೆಲಸವಿರುವ ತಂದೆ, ಓದಿದ ತಾಯಿ, ಕುಡಿತವಿಲ್ಲ, ಅಕ್ಕಪಕ್ಕದವರು ಕೇಳಿಸಿಕೊಂಡ ಜಗಳವಿಲ್ಲ. ಮಗುವಿಗೆ ಮೂರೂವರೆ ತಿಂಗಳು. ತಾಯಿ ಕುಲಾವಿ ಸರಿಪಡಿಸುವಾಗ ಮಗುವಿನ ಎಡಗಿವಿಯ ಮೇಲಂಚಿನಲ್ಲಿ ಬಟಾಣಿ ಕಾಳಿನಷ್ಟು ನೀಲಿಗಟ್ಟಿದ ಗುರುತು ಕಂಡಿತು. ಕೇಳಿದ್ದಕ್ಕೆ, ಮಗುವೇ ಉರುಳಿ ತೊಟ್ಟಿಲಿನ ಸರಳಿಗೆ ತಗುಲಿಸಿಕೊಂಡಿರಬೇಕು ಎಂದರು. ಮೇಲ್ವಿಚಾರಕರಿಗೆ ತಿಳಿಸಿದಾಗ, ‘ಅದು ಅಂಥ ಮನೆಯಲ್ಲ, ಸುಮ್ಮನೆ ಅನುಮಾನ ಪಡಬೇಡಿ’ ಎಂಬ ಉತ್ತರ ಬಂತು. ನಮೂನೆಯಲ್ಲಿ ಆ ಗುರುತನ್ನು ಬರೆಯುವುದಕ್ಕೆ ಜಾಗವೂ ಇರಲಿಲ್ಲ. ನಾನೂ ಬರೆಯದೆ ಬಂದೆ. ಅಂದಿನಿಂದ ಆ ಕಿವಿ ಕಣ್ಣಮುಂದಿನಿಂದ ಹೋಗುತ್ತಿಲ್ಲ.

ಮಕ್ಕಳನ್ನು ಸಾಯುವ ಮಟ್ಟಿಗೆ ಹಿಂಸಿಸುವವರು ಇಂಥವರೇ ಎಂದು ಗುರುತಿಸಬಲ್ಲ ಚಹರೆ ನಿಜವಾಗಿಯೂ ಇದೆಯೇ? ಇದ್ದರೆ, ಅದನ್ನು ನಂಬಿ ಒಂದು ಮನೆಯನ್ನು ದಾಟಿ ಮುಂದೆ ಹೋಗಬಹುದೇ?

ಉತ್ತರ 1: ಮಕ್ಕಳ ತಜ್ಞ, ಸರ್ಕಾರಿ ಸೇವೆಯಿಂದ ನಿವೃತ್ತ

ಚಹರೆಯ ಚರ್ಚೆಗೆ ಮೊದಲು ಮಗುವಿನ ಮಾತು. ನೀವು ಇದನ್ನು ಓದಿದ ದಿನವೇ ಆ ಮಗುವನ್ನು ಮಕ್ಕಳ ವಿಭಾಗವಿರುವ ದೊಡ್ಡ ಆಸ್ಪತ್ರೆಗೆ ತೋರಿಸುವ ಏರ್ಪಾಡು ಮಾಡಿ. ಮೂರೂವರೆ ತಿಂಗಳಿಗೆ ಬಹುತೇಕ ಕೂಸುಗಳಿಗೆ ಬೋರಲಾಗಲೂ ಬರುವುದಿಲ್ಲ. ಅಂಥ ಕೂಸು ತನ್ನ ಕಿವಿಯನ್ನು ತಾನೇ ನೀಲಿಗಟ್ಟಿಸಿಕೊಂಡಿತು ಎಂಬ ವಿವರಣೆ ಅದರ ವಯಸ್ಸಿಗೆ ಹೊಂದುವುದಿಲ್ಲ. ನಾಲ್ಕು ವರ್ಷದೊಳಗಿನ ಮಗುವಿನ ಎದೆ, ಹೊಟ್ಟೆ, ಬೆನ್ನು, ಕಿವಿ ಅಥವಾ ಕುತ್ತಿಗೆಯ ಮೇಲೆ ರಕ್ತ ಹೆಪ್ಪುಗಟ್ಟಿದ ಗುರುತಿದ್ದರೆ, ಮತ್ತು ನಾಲ್ಕು ತಿಂಗಳು ಮೀರದ ಕೂಸಿನ ಮೈಮೇಲೆ ಅಂಥ ಗುರುತು ಎಲ್ಲಿಯೇ ಇದ್ದರೂ, ಸರಿಯಾದ ಕಾರಣ ಸಿಗುವವರೆಗೆ ಹಿಂಸೆಯ ಸಾಧ್ಯತೆಯನ್ನು ಪರಿಶೀಲಿಸಬೇಕು ಎಂಬ ನಿಯಮವೊಂದು 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಎಳೆಯ ಮಕ್ಕಳನ್ನು ನೋಡುವ ಎಲ್ಲರೂ ಇದನ್ನು ಬಾಯಿಪಾಠ ಮಾಡಿಕೊಳ್ಳಬೇಕು ಎಂದು ನಾನು ಕಿರಿಯ ವೈದ್ಯರಿಗೆ ಹೇಳುತ್ತಾ ಬಂದಿದ್ದೇನೆ.

ಎಚ್ಚರ ಎರಡೂ ಕಡೆಗೆ ಬೇಕು. ನಮ್ಮ ಮಕ್ಕಳಲ್ಲಿ ಅನೇಕರಿಗೆ ಸೊಂಟದ ಕೆಳಗೆ, ಪಿರ್ರೆಯ ಮೇಲೆ ಹುಟ್ಟಿನಿಂದಲೇ ನೀಲಿ ಮಚ್ಚೆ ಇರುತ್ತದೆ. ಅದು ಪೆಟ್ಟಿನ ಗುರುತಲ್ಲ. ಪೆಟ್ಟಿನ ಗುರುತು ದಿನಗಳಲ್ಲಿ ಬಣ್ಣ ಬದಲಿಸಿ ಮಾಯವಾಗುತ್ತದೆ, ಮಚ್ಚೆ ತಿಂಗಳುಗಟ್ಟಲೆ ಹಾಗೆಯೇ ಉಳಿಯುತ್ತದೆ. ವಿಟಮಿನ್ ಕೆ ಕೊರತೆಯಿಂದಲೂ ರಕ್ತ ಹೆಪ್ಪುಗಟ್ಟುವ ತೊಂದರೆಗಳಿಂದಲೂ ಎಳೆಗೂಸುಗಳಿಗೆ ಇಂಥ ಗುರುತು ಬರಬಹುದು. ಆದ್ದರಿಂದಲೇ ಇದನ್ನು ತೀರ್ಮಾನಿಸುವ ಜಾಗ ಆಸ್ಪತ್ರೆ; ನಿಮ್ಮ ಮೇಲ್ವಿಚಾರಕರ ಮೇಜಲ್ಲ.

ಇಷ್ಟು ಸಣ್ಣ ಗುರುತಿಗೆ ಇಷ್ಟು ಗಾಬರಿಯೇ ಎಂದು ಯಾರಾದರೂ ಕೇಳಿದರೆ 2013ರ ಅಧ್ಯಯನವೊಂದನ್ನು ನೆನಪಿಸಿ. ಹಿಂಸೆಗೆ ಒಳಗಾದದ್ದು ಖಚಿತವಾಗಿದ್ದ, ಒಂದು ವರ್ಷದೊಳಗಿನ 200 ಶಿಶುಗಳ ಹಿಂದಿನ ದಾಖಲೆಗಳನ್ನು ತೆಗೆದು ನೋಡಿದಾಗ, ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಶಿಶುಗಳಿಗೆ ಮೊದಲೇ ಇಂಥ ಚಿಕ್ಕ ಗಾಯವೊಂದು ಆಗಿತ್ತು, ಮತ್ತು ಅವುಗಳಲ್ಲಿ ಹೆಚ್ಚಿನವು ನೀಲಿಗಟ್ಟಿದ ಗುರುತುಗಳೇ ಆಗಿದ್ದವು. ಹಿಂಸೆ ನಡೆದಿಲ್ಲವೆಂದು ಖಚಿತವಾದ ಶಿಶುಗಳಲ್ಲಿ ಅಂಥ ಪೂರ್ವಗಾಯ ಒಂದೂ ಕಂಡುಬರಲಿಲ್ಲ. ನೋವಿನ ಸಂಗತಿಯೆಂದರೆ, ಆ ಮೊದಲ ಗಾಯ ಹಲವು ಸಲ ವೈದ್ಯರ ಕಣ್ಣಿಗೆ ಬಿದ್ದೇ ಇತ್ತು.

ಇನ್ನು ಚಹರೆ. 1962ರಲ್ಲಿ ಅಮೆರಿಕದ ಮಕ್ಕಳ ತಜ್ಞ ಹೆನ್ರಿ ಕೆಂಪ್ ಮತ್ತು ಅವರ ಸಂಗಡಿಗರು ಹೊಡೆತಕ್ಕೆ ಸಿಕ್ಕ ಮಕ್ಕಳ ಬಗ್ಗೆ ಬರೆದ ಪ್ರಸಿದ್ಧ ಲೇಖನವೇ, ಇದು ಬಡವರಿಗೂ ವಿಕೃತ ಮನಸ್ಸಿನವರಿಗೂ ಸೀಮಿತವಲ್ಲ, ವಿದ್ಯೆಯೂ ಸ್ಥಿರ ಆದಾಯವೂ ಇರುವ ಮನೆಗಳಲ್ಲೂ ನಡೆಯುತ್ತದೆ ಎಂದು ಸ್ಪಷ್ಟವಾಗಿ ಹೇಳಿತ್ತು. ಪಾಲಕರು ಹೇಳುವ ಕಥೆಗೂ ಮಗುವಿನ ಮೈಮೇಲಿನ ಗಾಯಕ್ಕೂ ಹೊಂದಾಣಿಕೆ ಇಲ್ಲದಿರುವುದೇ ಮುಖ್ಯ ಸುಳಿವು ಎಂದೂ ಅದೇ ಲೇಖನ ಹೇಳಿತು. ಅರವತ್ತು ವರ್ಷ ಕಳೆದ ಮೇಲೂ ಇದಕ್ಕಿಂತ ಗಟ್ಟಿಯಾದ ಸುಳಿವನ್ನು ನಾನು ಕಂಡಿಲ್ಲ.

ಹಾಗೆಂದು ಮಾದರಿಗಳೇ ಇಲ್ಲ ಎನ್ನಲಾಗದು. ಮಗುವನ್ನು ಕೊಲ್ಲುವವರು ಅಪರಿಚಿತರು ಎಂಬ ಭಾವನೆ ಜನರಲ್ಲಿ ಗಟ್ಟಿಯಾಗಿದೆ. ಎಳೆಯ ಮಕ್ಕಳ ವಿಷಯದಲ್ಲಿ ಅದು ತಪ್ಪು. ಅಮೆರಿಕದ ವಾರ್ಷಿಕ ವರದಿಗಳಲ್ಲಿ ಹಿಂಸೆ ಅಥವಾ ನಿರ್ಲಕ್ಷ್ಯದಿಂದ ಸತ್ತ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಒಂದು ವರ್ಷವನ್ನೂ ತುಂಬಿರುವುದಿಲ್ಲ, ಕಾರಣರಾದವರಲ್ಲಿ ಸುಮಾರು 80 ಪ್ರತಿಶತ ಹೆತ್ತವರೇ. ಇದರೊಳಗೆ ಬೇರೆ ಬೇರೆ ಸಾವುಗಳಿವೆ. ಹುಟ್ಟಿದ 24 ಗಂಟೆಯೊಳಗೆ ನಡೆಯುವ ಹತ್ಯೆಯನ್ನು ಮನೋವೈದ್ಯ ಫಿಲಿಪ್ ರೆಸ್ನಿಕ್ 1970ರ ಹೊತ್ತಿಗೇ ಬೇರೆಯಾಗಿ ಗುರುತಿಸಿದ್ದರು. ಅಲ್ಲಿ ಸಾಮಾನ್ಯವಾಗಿ ಬಸಿರನ್ನೇ ಮುಚ್ಚಿಟ್ಟ, ಮದುವೆಯಾಗದ ಎಳೆಯ ಹುಡುಗಿ ಇರುತ್ತಾಳೆ, ತೀವ್ರ ಮಾನಸಿಕ ಕಾಯಿಲೆ ವಿರಳ. ತಿಂಗಳುಗಳ ಕೂಸನ್ನು ಜೋರಾಗಿ ಅಲುಗಾಡಿಸಿ ಮೆದುಳಿಗೆ ಪೆಟ್ಟಾಗುವ ಪ್ರಕರಣಗಳಲ್ಲಿ ತಂದೆ ಅಥವಾ ತಾಯಿಯ ಸಂಗಾತಿ ಮುಂದಿರುತ್ತಾರೆ. ಮಿಸ್ಸೂರಿ ರಾಜ್ಯದ 2005ರ ಅಧ್ಯಯನದ ಪ್ರಕಾರ, ರಕ್ತಸಂಬಂಧವಿಲ್ಲದ ವಯಸ್ಕರು ವಾಸವಿರುವ ಮನೆಯ ಎಳೆಯ ಮಕ್ಕಳು ಇತರರು ಮಾಡಿದ ಗಾಯದಿಂದ ಸಾಯುವ ಸಂಭವ, ಹೆತ್ತವರಿಬ್ಬರ ಜೊತೆಯಲ್ಲೇ ಇರುವ ಮಕ್ಕಳಿಗಿಂತ ಸುಮಾರು 50 ಪಟ್ಟು ಹೆಚ್ಚು.

ಈ 50 ಪಟ್ಟು ಎಂಬ ಮಾತೇ ಜನರನ್ನು ದಾರಿ ತಪ್ಪಿಸುತ್ತದೆ. ತೀರಾ ವಿರಳವಾದ ಘಟನೆ 50 ಪಟ್ಟು ಹೆಚ್ಚಾದರೂ ವಿರಳವೇ. ಮಲತಂದೆಯಿರುವ ಮನೆಗಳಲ್ಲಿ ಬಹುಪಾಲು ಮಕ್ಕಳು ಪ್ರೀತಿಯಿಂದಲೇ ಬೆಳೆಯುತ್ತಾರೆ. ಪಟ್ಟಿಯಲ್ಲಿ ಹತ್ತು ಅಂಕ ಬಂದ ಸಾವಿರ ಮನೆಗಳಲ್ಲಿ ಕೊಲೆ ನಡೆಯುವುದಿಲ್ಲ, ಸೊನ್ನೆ ಬಂದ ಒಂದು ಮನೆಯಲ್ಲಿ ನಡೆಯಬಹುದು. ಯಾವ ಮನೆಗೆ ಹೆಚ್ಚು ನೆರವು ಬೇಕು ಎಂದು ಹೇಳಲು ನಿಮ್ಮ ಪಟ್ಟಿ ಸಾಕು. ಯಾವ ಮಗುವಿಗೆ ಪೆಟ್ಟು ಬಿದ್ದಿದೆ ಎಂದು ಅದು ಹೇಳಲಾರದು. ಅದನ್ನು ಮಗುವಿನ ಮೈಯೇ ಹೇಳಬೇಕು.

ಉತ್ತರ 2: ಅಂಗನವಾಡಿ ಮೇಲ್ವಿಚಾರಕಿಯಾಗಿದ್ದವರು

ತಂಗಿ, ಡಾಕ್ಟರ ಮಾತಿಗೆ ನನ್ನ ಅನುಭವದ ಎರಡು ಸಂಗತಿಗಳನ್ನು ಸೇರಿಸುತ್ತೇನೆ.

ನಮ್ಮಲ್ಲಿ ಬಾಣಂತನ ತವರಿನಲ್ಲಿ ನಡೆಯುತ್ತದೆ. ಮೂರನೆಯ ತಿಂಗಳಿಗೋ ಐದನೆಯ ತಿಂಗಳಿಗೋ ತೊಟ್ಟಿಲು, ಬಟ್ಟೆಬರೆ ಸಮೇತ ತಾಯಿ ಮಗು ಗಂಡನ ಮನೆಗೆ ಬರುತ್ತಾರೆ. ಅಲ್ಲಿಯವರೆಗೆ ರಾತ್ರಿ ಮಗು ಅತ್ತರೆ ಎತ್ತಿಕೊಳ್ಳಲು ಅಜ್ಜಿ, ಚಿಕ್ಕಮ್ಮ, ಅತ್ತಿಗೆ ಇರುತ್ತಿದ್ದರು. ಇಲ್ಲಿ ಎರಡು ಕೋಣೆಯ ಮನೆಯಲ್ಲಿ ಬೆಳಿಗ್ಗೆ ಎಂಟಕ್ಕೆ ಬಸ್ಸು ಹಿಡಿಯಬೇಕಾದ ಗಂಡ, ನಿದ್ದೆಗೆಟ್ಟ ಹೆಂಡತಿ, ನಿಲ್ಲದ ಅಳು. ಆ ತಂದೆ ಮಗುವಿನೊಂದಿಗೆ ಒಂಟಿಯಾಗಿ ಇರುವುದು ಅದೇ ಮೊದಲು. ಕೆಟ್ಟವನಲ್ಲದ ಮನುಷ್ಯನ ಕೈಯೂ ಒಂದು ನಿಮಿಷ ಹಿಡಿತ ತಪ್ಪುವುದನ್ನು ನಾನು ಬಲ್ಲೆ. ಆದ್ದರಿಂದ ನಾನು ಭೇಟಿಗೆ ಹೋದಾಗ ‘ಕುಡಿಯುತ್ತಾರಾ’ ಎಂದು ಮೊದಲು ಕೇಳುತ್ತಿರಲಿಲ್ಲ. ‘ತವರಿನಿಂದ ಬಂದು ಎಷ್ಟು ದಿನವಾಯಿತು, ರಾತ್ರಿ ಅತ್ತರೆ ಯಾರು ಎತ್ತಿಕೊಳ್ಳುತ್ತಾರೆ, ನಿಮಗೆ ಸಾಕಾಗಿಹೋದಾಗ ಏನು ಮಾಡುತ್ತೀರಿ’ ಎಂದು ಕೇಳುತ್ತಿದ್ದೆ. ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಬಾಗಿಲು ಮುಂದಕ್ಕೆ ಮಾಡಿ, ಹತ್ತು ನಿಮಿಷ ಹೊರಗೆ ನಿಂತು ಬನ್ನಿ, ಅಳುವುದರಿಂದ ಮಗು ಸಾಯುವುದಿಲ್ಲ ಎಂದು ಗಂಡಸರಿಗೇ ನೇರವಾಗಿ ಹೇಳುತ್ತಿದ್ದೆ. ಆ ಮಾತನ್ನು ಅವರಿಗೆ ಅದುವರೆಗೆ ಯಾರೂ ಹೇಳಿರುತ್ತಿರಲಿಲ್ಲ.

ಎರಡನೆಯದು, ಎಣ್ಣೆ ನೀರು ಎರೆಯುವವರು. ಮಗುವಿನ ಪೂರ್ತಿ ಮೈಯನ್ನು ದಿನವೂ ಬೆಳಕಿನಲ್ಲಿ ಮಗುಚಿ ನೋಡುವವರು ಅವರೊಬ್ಬರೇ. ಒಮ್ಮೆ ಒಬ್ಬ ಅಜ್ಜಿ ‘ಈ ಕೂಸಿನ ತೊಡೆ ಮುಟ್ಟಿದರೆ ಚೀರುತ್ತದೆ, ನಿನ್ನೆ ಹೀಗಿರಲಿಲ್ಲ’ ಎಂದು ನನ್ನ ಬಳಿ ಬಂದರು. ಮೂಳೆ ಮುರಿದಿತ್ತು. ನಿಮ್ಮ ಬಡಾವಣೆಯಲ್ಲಿ ನೀರೆರೆಯುವವರ ಪರಿಚಯ ಮಾಡಿಕೊಳ್ಳಿ.

ನಿರ್ಲಕ್ಷ್ಯದ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಕಟ್ಟಡದ ಕೆಲಸದ ಜಾಗದಲ್ಲಿ ಮುಚ್ಚಳವಿಲ್ಲದ ಸಂಪಿಗೆ ಮಗು ಬಿದ್ದು ಸತ್ತರೆ ಎಲ್ಲರೂ ತಾಯಿಯನ್ನೇ ಬೈಯುತ್ತಾರೆ. ಐವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವ ಕಡೆ ಶಿಶುಪಾಲನಾ ಕೋಣೆ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಆ ಕೋಣೆ ಕಟ್ಟದವರ ಹೆಸರು ಯಾವ ಅಪರಾಧಿಯ ಪಟ್ಟಿಯಲ್ಲೂ ಬರುವುದಿಲ್ಲ.

ಉತ್ತರ 3: ವಕೀಲ, ಬೆಂಗಳೂರು

ಕಾನೂನಿನ ಅಂಶ ಚಿಕ್ಕದು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲು ನಿಮ್ಮ ಮೇಲ್ವಿಚಾರಕರ ಒಪ್ಪಿಗೆ ಬೇಕಿಲ್ಲ, ನಿಮ್ಮ ಬಳಿ ಸಾಕ್ಷ್ಯವೂ ಇರಬೇಕಿಲ್ಲ. ಕಂಡದ್ದನ್ನು ಕಂಡಂತೆ ಹೇಳಿದರೆ ಸಾಕು. ರಕ್ಷಣೆ ಬೇಕಾದ ಮಗುವಿನ ವಿಚಾರವನ್ನು 2015ರ ಬಾಲನ್ಯಾಯ ಕಾಯ್ದೆಯಡಿ ಮಕ್ಕಳ ಕಲ್ಯಾಣ ಸಮಿತಿ ನೋಡುತ್ತದೆ. ಮಗುವಿನ ಹೊಣೆ ಹೊತ್ತವರು ಅದನ್ನು ಹಿಂಸಿಸಿದರೆ ಅದೇ ಕಾಯ್ದೆಯ 75ನೆಯ ಕಲಂ ಅನ್ವಯಿಸುತ್ತದೆ.

74ನೆಯ ಕಲಂ ಇಂಥ ಮಕ್ಕಳ ಗುರುತು ತಿಳಿಯುವ ವಿವರಗಳನ್ನು ಪ್ರಕಟಿಸುವುದನ್ನು ನಿಷೇಧಿಸುತ್ತದೆ. ಈವರೆಗೆ ನೀವು ಬರೆದಿರುವುದರಲ್ಲಿ ತೊಂದರೆಯಿಲ್ಲ. ಮುಂದೆ ಬಡಾವಣೆ, ತಂದೆಯ ಉದ್ಯೋಗ, ಆಸ್ಪತ್ರೆ ಯಾವುದನ್ನೂ ಇಲ್ಲಿ ಬರೆಯಬೇಡಿ.

ಉತ್ತರ 4: ಮನೋವೈದ್ಯಕೀಯ ಶುಶ್ರೂಷಕಿ

ನಮೂನೆಯಲ್ಲಿ ‘ಮಾನಸಿಕ ಕಾಯಿಲೆ’ ಎಂದು ಒಂದೇ ಪದ ಇರುವುದು ನನ್ನನ್ನು ಚುಚ್ಚಿತು. ಮಾನಸಿಕ ಕಾಯಿಲೆಯಿರುವ ತಾಯಂದಿರಲ್ಲಿ ಬಹುಪಾಲು ಜನ ಮಗುವಿಗೆ ಯಾವ ಕೇಡನ್ನೂ ಮಾಡುವುದಿಲ್ಲ. ಆದರೆ ಹಿರಿಯರು ಬಾಣಂತಿ ಸನ್ನಿ ಎಂದು ಕರೆಯುವ ಸ್ಥಿತಿ ಬೇರೆ. ಹೆರಿಗೆಯಾದ ಕೆಲವೇ ದಿನ ಅಥವಾ ವಾರಗಳಲ್ಲಿ ಬಾಣಂತಿಗೆ ನಿದ್ದೆಯೇ ಹೋಗಿ, ಮಾತು ತಾಳತಪ್ಪಿ, ಈ ಮಗು ನನ್ನದಲ್ಲ ಎಂದೋ, ಇದನ್ನು ಈ ಲೋಕದ ಕಷ್ಟದಿಂದ ಪಾರು ಮಾಡಬೇಕು ಎಂದೋ ಹೇಳತೊಡಗಿದರೆ ಅದು ತುರ್ತು ಸ್ಥಿತಿ. ಅಂದೇ ಚಿಕಿತ್ಸೆ ಕೊಡಿಸಬೇಕು, ಅಲ್ಲಿಯವರೆಗೆ ಅವರಿಬ್ಬರನ್ನೇ ಬಿಡಬಾರದು. ದೆವ್ವ ಬಿಡಿಸಲು ಕರೆದೊಯ್ದು ವಾರಗಟ್ಟಲೆ ಕಳೆಯುವುದನ್ನು ಕಂಡು ನೊಂದಿದ್ದೇನೆ. ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ದಾಖಲಿಸಿಕೊಳ್ಳುವ ವಿಭಾಗವೇ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತನಾಡಬಹುದು. ನೀವು ನೋಡಿದ ತಾಯಿಗೆ ನಿದ್ದೆ ಹೇಗಿದೆ ಎಂದು ಕೇಳಿದ್ದೀರಾ?

ಪ್ರಶ್ನೆ ಕೇಳಿದವರು, ನಾಲ್ಕು ದಿನಗಳ ನಂತರ

ಎಲ್ಲರಿಗೂ ಋಣಿ. ಮರುದಿನ ಬೆಳಿಗ್ಗೆಯೇ ಆ ಮನೆಗೆ ಹೋದೆ. ಯಾರ ಮೇಲೂ ಮಾತು ಹೊರಿಸದೆ, ಈ ವಯಸ್ಸಿನ ಮಗುವಿಗೆ ಹೀಗೆ ನೀಲಿಗಟ್ಟಿದರೆ ರಕ್ತ ಪರೀಕ್ಷೆ ಆಗಲೇಬೇಕು, ನಾನೂ ಜೊತೆಗೆ ಬರುತ್ತೇನೆ ಎಂದೆ. ತಾಯಿ ಒಂದು ಕ್ಷಣ ಸುಮ್ಮನಿದ್ದು, ಮಗುವನ್ನು ಹೊದೆಸಿಕೊಂಡು ಹೊರಟೇಬಿಟ್ಟರು. ಯಾರಾದರೂ ಹಾಗೆ ಹೇಳಲಿ ಎಂದು ಕಾಯುತ್ತಿದ್ದರೇನೋ ಎಂದು ಈಗ ಅನ್ನಿಸುತ್ತದೆ. ಗುರುತು ಆಗಲೇ ಹಳದಿಗೆ ತಿರುಗಿತ್ತು. ರಕ್ತದ ಪರೀಕ್ಷೆಗಳಲ್ಲಿ ದೋಷವಿಲ್ಲ. ಇಡೀ ಮೈಯ ಎಕ್ಸ್‌ರೇಯಲ್ಲಿ ಬೆನ್ನಿನ ಕಡೆ ಒಂದು ಪಕ್ಕೆಲುಬು ಮುರಿದು ಕೂಡಿಕೊಳ್ಳುತ್ತಿರುವುದು ಕಂಡಿತು. ಆಸ್ಪತ್ರೆಯವರೇ ಪೊಲೀಸರಿಗೂ ಮಕ್ಕಳ ಕಲ್ಯಾಣ ಸಮಿತಿಗೂ ತಿಳಿಸಿದ್ದಾರೆ. ತಾಯಿ ನನಗೆ ದಾರಿಯಲ್ಲಿ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಸಮಿತಿಯ ಮುಂದೆ ಹೇಳಿದ್ದೇನೆ. ಮಗುವನ್ನು ಇನ್ನೂ ಮನೆಗೆ ಕಳುಹಿಸಿಲ್ಲ, ಹಾಲು ಕುಡಿಯುತ್ತಿದೆ.

ನಮೂನೆಯ ಹಿಂಬದಿಯ ಖಾಲಿ ಜಾಗದಲ್ಲಿ ಈಗ ಪ್ರತಿ ಮಗುವಿನ ಕಿವಿ, ಕುತ್ತಿಗೆ, ಎದೆ, ಬೆನ್ನು ನೋಡಿದೆನೇ ಎಂದು ಕೈಯಲ್ಲೇ ಬರೆಯುತ್ತಿದ್ದೇನೆ.

ಉತ್ತರ 5: ಮಕ್ಕಳ ತಜ್ಞ

ಒಳ್ಳೆಯ ಕೆಲಸ ಮಾಡಿದಿರಿ. ಆಸ್ಪತ್ರೆಯವರನ್ನು ಎರಡು ವಿಷಯ ಕೇಳಿಕೊಳ್ಳಿ. ಮೆದುಳಿನ ಸ್ಕ್ಯಾನ್ ಮತ್ತು ಕಣ್ಣಿನ ಒಳಪದರದ ಪರೀಕ್ಷೆ ಆಗಿದೆಯೇ? ಹೊಸದಾಗಿ ಮುರಿದ ಪಕ್ಕೆಲುಬು ಮೊದಲ ಎಕ್ಸ್‌ರೇಯಲ್ಲಿ ಕಾಣದೆ ಹೋಗಬಹುದು, ಕೂಡಿಕೊಳ್ಳಲು ಆರಂಭವಾದ ಮೇಲಷ್ಟೇ ಕಾಣುತ್ತದೆ. ಆದ್ದರಿಂದ ಎರಡು ವಾರದ ನಂತರ ಮತ್ತೊಮ್ಮೆ ಪೂರ್ತಿ ಎಕ್ಸ್‌ರೇ ಆಗಬೇಕು. ಆ ದಿನಾಂಕವನ್ನು ಇಂದೇ ಬರೆಸಿಕೊಂಡು ಬನ್ನಿ. ಆ ಮನೆಯಲ್ಲಿ ಬೇರೆ ಚಿಕ್ಕ ಮಕ್ಕಳಿದ್ದರೆ ಅವರನ್ನೂ ಅದೇ ಆಸ್ಪತ್ರೆಯಲ್ಲಿ ತೋರಿಸಿ.