‘ಡ್ರಾಕುಲಾ’ ಮುಗಿಯಿತು: ಮುಂದೆ ಕಿಂಗ್ ಓದಲೇ, ಜೇಮ್ಸ್ ಓದಲೇ?

ಹೊಸ ಓದುಗ (ಪ್ರಶ್ನೆ):
ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ ‘ಡ್ರಾಕುಲಾ’ವನ್ನು ಈಚೆಗೆ ಓದಿ ಮುಗಿಸಿದೆ. ದಿನಚರಿ, ಪತ್ರ, ಹಡಗಿನ ದಾಖಲೆ, ಪತ್ರಿಕೆಯ ತುಣುಕುಗಳಿಂದಲೇ ಇಡೀ ಕಥೆಯನ್ನು ಕಟ್ಟಿರುವ ರೀತಿ ನನ್ನನ್ನು ಹಿಡಿದು ಕೂರಿಸಿತು. ಮುಂದೆ ಸ್ಟೀಫನ್ ಕಿಂಗ್ ಅವರ ಕಾದಂಬರಿಯೊಂದನ್ನು ಕೈಗೆತ್ತಿಕೊಳ್ಳಬೇಕೋ, ಎಂ.ಆರ್. ಜೇಮ್ಸ್ ಅವರ ಹಳೆಯ ಸಣ್ಣ ಕಥೆಗಳಿಗೆ ಹೋಗಬೇಕೋ ತಿಳಿಯುತ್ತಿಲ್ಲ. ಮನೆಯಲ್ಲಿ ಎರಡು ವರ್ಷದ ಮಗನಿದ್ದಾನೆ; ಅವನು ಮಲಗಿದ ಮೇಲೆ ಒಂದು ಗಂಟೆಯಷ್ಟೇ ಓದಲು ಸಿಗುತ್ತದೆ. ಸಾವಿರ ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ನಿಮ್ಮ ಅನುಭವ ತಿಳಿಸಿ.

ಮಲೆನಾಡಿನ ಮಳೆ:
ಕಿಂಗ್ ಅವರನ್ನೇ ಓದಿ, ಆದರೆ ಯಾವ ಪ್ರತಿಯನ್ನು ಕೊಳ್ಳುತ್ತೀರಿ ಎಂಬುದನ್ನು ಮೊದಲು ನೋಡಿಕೊಳ್ಳಿ. 1986ರ ‘ಇಟ್’ ಮೊದಲ ಮುದ್ರಣದಲ್ಲಿಯೇ 1,138 ಪುಟಗಳಷ್ಟಿತ್ತು. ನಾನು 599 ರೂಪಾಯಿ ಕೊಟ್ಟು ತರಿಸಿದ ಸಣ್ಣ ಅಳತೆಯ ಪ್ರತಿ ನಮ್ಮ ಊರಿನ ಮಳೆಗಾಲದ ತೇವಕ್ಕೆ ಬೆನ್ನಿನ ಅಂಟು ಬಿಟ್ಟುಕೊಂಡು, ಕಥೆಯ ಮಕ್ಕಳು ಚರಂಡಿಗೆ ಇಳಿಯುವ ಹೊತ್ತಿಗೆ ಎರಡು ಹೋಳಾಯಿತು. ಮಾರಿದವರು ವಾಪಸಾತಿಯ ಅವಧಿ ಮುಗಿದಿದೆ ಎಂದು ಕೈ ಚೆಲ್ಲಿದರು. ರಟ್ಟು ಕಟ್ಟುವವರು 180 ರೂಪಾಯಿ ತೆಗೆದುಕೊಂಡು ಹೊಲಿದರು. ಹೊಲಿಗೆ ಒಳ ಅಂಚನ್ನು ನುಂಗಿದ್ದರಿಂದ ಸಾಲುಗಳ ಒಳಬದಿಯ ಅಕ್ಷರಗಳು ಕಾಣದಂತಾದವು. ಕಡೆಗೆ ಗಟ್ಟಿ ರಟ್ಟಿನ ಪ್ರತಿಗೆ 1,350, ಸಾಗಣೆಗೆ 90 ರೂಪಾಯಿ ತೆತ್ತೆ. ಒಂದೇ ಕಾದಂಬರಿಗೆ 2,219 ರೂಪಾಯಿ ಹೋದರೂ ನನಗೆ ಬೇಸರವಿಲ್ಲ, ಏಕೆಂದರೆ ಊರೊಂದು ತನ್ನ ಮಕ್ಕಳ ಸಾವಿಗೆ ಕಣ್ಣು ಮುಚ್ಚಿಕೊಳ್ಳುವುದನ್ನು ಅಷ್ಟು ವಿಸ್ತಾರವಾಗಿ ಬರೆದವರು ಇನ್ನೊಬ್ಬರಿಲ್ಲ.

ಆದರೂ ಅವರ ಕೃತಿಗಳಲ್ಲಿ ನನ್ನನ್ನು ನಿಜವಾಗಿ ಕದಡಿದ್ದು 1983ರ ‘ಪೆಟ್ ಸೆಮೆಟರಿ’. ಲಾರಿಗಳು ಹಗಲಿರುಳು ಓಡುವ ಹೆದ್ದಾರಿಯ ಪಕ್ಕದ ಮನೆ, ಮೊದಲು ಬೆಕ್ಕು, ಆಮೇಲೆ ಆ ಪುಟ್ಟ ಮಗ. ಕಿಂಗ್ ಅವರ ಕುಟುಂಬ ಮೇನ್ ರಾಜ್ಯದಲ್ಲಿ ಅಂಥದೇ ರಸ್ತೆಯ ಪಕ್ಕದಲ್ಲಿದ್ದಾಗ ಮಗಳ ಬೆಕ್ಕು ವಾಹನಕ್ಕೆ ಸಿಕ್ಕಿ ಸತ್ತಿತ್ತು. ಬರೆದಾದ ಮೇಲೆ ಅವರೇ ಇದು ಮಿತಿ ಮೀರಿದ ಕತ್ತಲೆಯೆಂದು ಹಸ್ತಪ್ರತಿಯನ್ನು ಬದಿಗಿಟ್ಟಿದ್ದರು. ತಂದೆಯಾದವರು ಅದನ್ನು ಓದಲೇಬೇಕು.

ಇರುಳೋದು:
ಮೇಲಿನವರು ಪ್ರಶ್ನೆಯನ್ನು ಓದಿಯೇ ಉತ್ತರಿಸಿದರೇ? ಕೇಳಿದವರ ಮನೆಯಲ್ಲಿ ಎರಡು ವರ್ಷದ ಮಗುವಿದೆ. ಅವರಿಗೆ ಈ ಕಾದಂಬರಿಯನ್ನು ಸೂಚಿಸಿದ್ದಲ್ಲದೆ, ಅದರಲ್ಲಿ ಯಾರು ಸಾಯುತ್ತಾರೆಂಬುದನ್ನೂ ಹೇಳಿಬಿಟ್ಟಿದ್ದೀರಿ.

ನಾನು ‘ಪೆಟ್ ಸೆಮೆಟರಿ’ಯನ್ನು ಕಾಲೇಜಿನಲ್ಲಿದ್ದಾಗ ಓದಿ ಮೆಚ್ಚಿದ್ದೆ. ಮಗಳು ಹುಟ್ಟಿದ ಮೇಲೆ ಮತ್ತೆ ತೆಗೆದಾಗ ಗಾಳಿಪಟದ ಪ್ರಸಂಗದಿಂದ ಮುಂದಕ್ಕೆ ಹೋಗಲಾಗಲಿಲ್ಲ. ತಂದೆ ಮಗನಿಗೆ ಗಾಳಿಪಟ ಹಾರಿಸುವುದನ್ನು ಕಲಿಸುವ ಆ ಪುಟಗಳಲ್ಲಿ ದೆವ್ವವಿಲ್ಲ, ರಕ್ತವಿಲ್ಲ, ಬರಿಯ ಸಂತೋಷವಿದೆ. ಮುಂದೇನೆಂದು ಲೇಖಕ ಅಲ್ಲಿಯೇ ನಮ್ಮ ಕಿವಿಯಲ್ಲಿ ಹೇಳಿಬಿಡುವುದರಿಂದ ಆ ಸಂತೋಷವೇ ಸಹಿಸಲಾಗದಂತಾಗುತ್ತದೆ. ಆ ರಾತ್ರಿ ಮಗಳ ಉಸಿರನ್ನು ಎಣಿಸುತ್ತ ಕುಳಿತಿದ್ದೆ. ಪುಸ್ತಕವನ್ನು ಮರುದಿನ ಸಹೋದ್ಯೋಗಿಗೆ ಕೊಟ್ಟೆ. ಅದು ದುರ್ಬಲ ಕೃತಿಯೆಂದು ನಾನು ಹೇಳುತ್ತಿಲ್ಲ. ಬಲವಿರುವುದರಿಂದಲೇ ಎಚ್ಚರಿಕೆ ಬೇಕು.

ಮಲೆನಾಡಿನ ಮಳೆ:
ನಲವತ್ತು ವರ್ಷ ದಾಟಿದ ಕಾದಂಬರಿಯ ಕಥೆಯನ್ನು ಗುಟ್ಟಾಗಿಡಬೇಕೆನ್ನುವುದು ಅತಿಯಾಯಿತು. ನನಗೂ ಇಬ್ಬರು ಮಕ್ಕಳಿದ್ದಾರೆ. ಹೆದರಿಕೆಯ ಸಾಹಿತ್ಯವನ್ನು ಕೇಳಿದವರಿಗೆ ಹೆದರಿಕೆಯಾಗದ ಪುಸ್ತಕವನ್ನು ಹೇಗೆ ಸೂಚಿಸಲಿ?

ಹಳೆಯ ಹಾಳೆ:
ಸಾವಿರ ಪುಟ ಓದಿಸಿ ಹೆದರಿಸುವುದು ಸಾಧನೆಯೇನಲ್ಲ. ಜೇಮ್ಸ್ ಅವರ 1904ರ ಮೊದಲ ಸಂಕಲನದಲ್ಲಿ ಎಂಟೇ ಕಥೆಗಳಿವೆ. ಕೇಂಬ್ರಿಜ್‌ನಲ್ಲಿ ಮಧ್ಯಯುಗದ ಹಸ್ತಪ್ರತಿಗಳ ವಿದ್ವಾಂಸರಾಗಿದ್ದ ಅವರು ಕ್ರಿಸ್‌ಮಸ್ ಸಂಜೆ ಗೆಳೆಯರಿಗೆ ಗಟ್ಟಿಯಾಗಿ ಓದಿ ಹೇಳಲೆಂದು ಇಂಥ ಕಥೆಗಳನ್ನು ಬರೆಯುತ್ತಿದ್ದರು. ಹಾಗಾಗಿ ಯಾವುದೂ ಒಂದು ಕೂರುವಿಕೆಗಿಂತ ಉದ್ದವಿಲ್ಲ. ‘ಕೌಂಟ್ ಮ್ಯಾಗ್ನಸ್’ ಕಥೆಯಲ್ಲಿ ಸಮಾಧಿಯ ಬೀಗಗಳು ಒಂದೊಂದಾಗಿ ಕಳಚಿ ಬೀಳುತ್ತವೆ. ಪ್ರವಾಸಿಯೊಬ್ಬ ಹಗುರ ಮನಸ್ಸಿನಿಂದ ಆಡಿದ ಮಾತು ಹೊರತು ಅದಕ್ಕೆ ಕಾರಣವನ್ನು ಲೇಖಕರು ಕೊಡುವುದಿಲ್ಲ.

ನನ್ನ ಕಷ್ಟ ಪುಸ್ತಕ ಸಿಗುವುದರಲ್ಲಿತ್ತು. ಇಂಗ್ಲೆಂಡಿನ ಹಳೆಯ ಪುಸ್ತಕದಂಗಡಿಯೊಂದಕ್ಕೆ ಬರೆದು, ಪ್ರತಿಗೆ 640, ಸಾಗಣೆಗೆ 1,120 ರೂಪಾಯಿ ಕಟ್ಟಿದೆ. ಪೊಟ್ಟಣ ಸುಂಕದ ಕಚೇರಿಯಲ್ಲಿ ಸಿಕ್ಕಿಹಾಕಿಕೊಂಡಿತು. ಬಿಡಿಸಿಕೊಂಡು ತೆರೆದರೆ ಒಳಗಿದ್ದುದು ಹೆನ್ರಿ ಜೇಮ್ಸ್ ಅವರ ‘ದಿ ಟರ್ನ್ ಆಫ್ ದಿ ಸ್ಕ್ರೂ’! ಮರಳಿಸಲು ಮತ್ತೆ ಸಾವಿರಕ್ಕೂ ಹೆಚ್ಚು ಬೇಕಾಗಿತ್ತು. ಅಂಗಡಿಯವರು ಕ್ಷಮೆ ಕೇಳಿದರು, ಹಣ ಕೊಡಲಿಲ್ಲ. ಎಂ.ಆರ್. ಜೇಮ್ಸ್ ತೀರಿಕೊಂಡದ್ದು 1936ರಲ್ಲಿ. ಅವರ ಕಥೆಗಳು ಈಗ ಹಳೆಯ ಪುಸ್ತಕಗಳ ಅಂತರ್ಜಾಲ ತಾಣವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತವಾಗಿಯೇ ಇವೆ. ಕಾಗದದ ಮೇಲೆಯೇ ಓದಬೇಕೆಂಬ ಹಂಬಲವಿಲ್ಲದವರಿಗೆ ಒಂದು ಪೈಸೆಯೂ ಬೇಡ.

ಹಾಗೆ ಬಂದ ‘ದಿ ಟರ್ನ್ ಆಫ್ ದಿ ಸ್ಕ್ರೂ’ವನ್ನು ಹಠದಿಂದ ಓದಿದೆ. 1898ರ ಈ ಕಥೆಯಲ್ಲಿ ದೆವ್ವಗಳಿವೆಯೋ ಇಲ್ಲವೋ ಎಂಬುದನ್ನೇ ಲೇಖಕರು ಹೇಳದೆ ಉಳಿಸಿಬಿಡುತ್ತಾರೆ. ಇದನ್ನು ಭಯಾನಕ ಕಥೆಯೆಂದು ನಾನು ಒಪ್ಪುವುದಿಲ್ಲ.

ಮೂರನೆಯ ಕೋಣೆ:
ನೀವು ಹಣ ಕಳೆದುಕೊಂಡ ಸಿಟ್ಟನ್ನು ಕೃತಿಯ ಮೇಲೆ ತೀರಿಸಿಕೊಳ್ಳುತ್ತಿದ್ದೀರಿ. ದೆವ್ವಗಳು ಕಥೆ ಹೇಳುವ, ಮಕ್ಕಳನ್ನು ಮನೆಯಲ್ಲಿದ್ದು ನೋಡಿಕೊಳ್ಳುವ ಆ ಗವರ್ನೆಸ್‌ಳ ಮನಸ್ಸಿನ ಸೃಷ್ಟಿಯೆಂದು ವಿಮರ್ಶಕ ಎಡ್ಮಂಡ್ ವಿಲ್ಸನ್ 1934ರಲ್ಲಿ ವಾದಿಸಿದ ಮೇಲೆ ನಡೆದ ಜಗಳ ಇಂದಿಗೂ ನಿಂತಿಲ್ಲ. ಓದುಗರನ್ನು ಇಷ್ಟು ಕಾಲ ನೆಮ್ಮದಿಗೆಡಿಸಿದ ಕಥೆ ಭಯಾನಕವಲ್ಲದಿದ್ದರೆ ಇನ್ನಾವುದು?

ನಾನು ಈಚೆಗೆ ಓದಿದ್ದು ಶರ್ಲಿ ಜಾಕ್ಸನ್ ಅವರ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’. 1959ರ ಈ ಕಾದಂಬರಿಯನ್ನು 399 ರೂಪಾಯಿಗೆ ಕೊಂಡೆ, ಇನ್ನೂರೈವತ್ತು ಪುಟವೂ ಇಲ್ಲ. ತಾಯಿಯ ಶುಶ್ರೂಷೆಯಲ್ಲಿಯೇ ಯೌವನ ಕಳೆದ ಎಲಿನರ್ ಎಂಬವಳು, ತನ್ನನ್ನು ಯಾರೋ ಕರೆದರಲ್ಲ ಎಂಬ ಸಂಭ್ರಮದಲ್ಲಿ ಆ ಮನೆಗೆ ಬರುತ್ತಾಳೆ. ನಾನೂ ಹಾಸಿಗೆ ಹಿಡಿದ ತಾಯಿಯನ್ನು ವರ್ಷಗಟ್ಟಲೆ ನೋಡಿಕೊಂಡವಳು. ಗೋಡೆ ತಟ್ಟುವ ಸದ್ದಿಗೆ ಎಲಿನರ್, ಇನ್ನೂ ಪೂರ್ತಿ ಎಚ್ಚರವಾಗದೆ, ತಾಯಿಯೇ ಕರೆಯುತ್ತಿದ್ದಾಳೆಂದುಕೊಳ್ಳುವಲ್ಲಿ ನನ್ನ ಕೈಕಾಲು ತಣ್ಣಗಾದವು. ಅವಳು ಕತ್ತಲೆಯಲ್ಲಿ ಗೆಳತಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿರುವ ಪ್ರಸಂಗವೊಂದಿದೆ. ದೀಪ ಹತ್ತಿದಾಗ ಗೆಳತಿ ಬೇರೆ ಮಂಚದ ಮೇಲಿರುತ್ತಾಳೆ. ಜಾಕ್ಸನ್ ಅಲ್ಲಿ ಏನನ್ನೂ ತೋರಿಸುವುದಿಲ್ಲ.

ಇರುಳೋದು:
ಮತ್ತೊಂದು ಗುಟ್ಟು ಹೋಯಿತು. ಇಡೀ ಕಾದಂಬರಿ ಕಾಯ್ದುಕೊಂಡು ಬಂದ ಕ್ಷಣವನ್ನು ಒಂದು ಸಾಲಿನಲ್ಲಿ ಕೊಟ್ಟುಬಿಟ್ಟಿರಿ. ದಯವಿಟ್ಟು ಎಚ್ಚರಿಕೆಯ ಒಂದು ಮಾತನ್ನಾದರೂ ಮೊದಲು ಬರೆಯಿರಿ.

ಬಿಸಿಲ ಬೀದರ್:
ಅಮೆರಿಕ, ಇಂಗ್ಲೆಂಡುಗಳನ್ನು ಬಿಟ್ಟು ಯಾರೂ ಈಚೆಗೆ ಬರುವುದೇ ಇಲ್ಲವಲ್ಲ! ಯಂಡಮೂರಿ ವೀರೇಂದ್ರನಾಥ್ ಅವರ ‘ತುಳಸಿದಳ’ ತೆಲುಗಿನಿಂದ ಕನ್ನಡಕ್ಕೆ ಬಂದಾಗ ನಮ್ಮ ಮನೆಯಲ್ಲಿ ಅದನ್ನು ಓದಲು ಸರದಿ ಹಚ್ಚುತ್ತಿದ್ದೆವು. ತುಳಸಿಯೆಂಬ ಪುಟ್ಟ ಹುಡುಗಿಯ ಮೇಲೆ ಕಾಷ್ಮೋರಾ ಎಂಬ ಕ್ಷುದ್ರಶಕ್ತಿಯನ್ನು ಬಿಡುವ ಕಥೆ ಅದು. ನಮ್ಮ ಅಕ್ಕ ನಡುರಾತ್ರಿ ಹಿತ್ತಲಿಗೆ ಹೋಗುವುದನ್ನೇ ನಿಲ್ಲಿಸಿದ್ದಳು. ಹಳೆಯ ಪ್ರತಿಯನ್ನು ಯಾರೋ ಒಯ್ದು ಮರಳಿಸಲಿಲ್ಲ. ಹೋದ ತಿಂಗಳು ಬಿಡಿ ಪುಟಗಳಿದ್ದ ಪ್ರತಿಯನ್ನು 250 ರೂಪಾಯಿಗೆ ಕೊಂಡೆ, ನಡುವೆ ಹದಿನಾರು ಪುಟಗಳ ಒಂದು ಕಟ್ಟೇ ಇಲ್ಲ. ಕಾಣೆಯಾದ ಭಾಗವನ್ನು ಅಕ್ಕ ಫೋನಿನಲ್ಲಿ ನೆನಪಿನಿಂದಲೇ ಹೇಳಿದಳು. ಕೌಂಟ್ ಮ್ಯಾಗ್ನಸ್‌ನ ಬೀಗಗಳು ನಮ್ಮ ಓಣಿಯ ಭಯವನ್ನು ಮುಟ್ಟಲಾರವು.

ಕರಿಹಲಗೆ:
ಆ ಓಣಿಯ ಭಯವೇ ನನ್ನ ತಕರಾರು. ನಾನು ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿ ಶಿಕ್ಷಕನಾಗಿದ್ದವನು. ಭಾನಾಮತಿ ಮಾಡಿಸಿದ್ದಾಳೆಂಬ ಅನುಮಾನಕ್ಕೆ ಒಬ್ಬಂಟಿ ಹೆಂಗಸೊಬ್ಬಳ ಮನೆಯ ಮೇಲೆ ಕಲ್ಲು ಬಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ಟ್ರಾನ್ಸಿಲ್ವೇನಿಯಾದ ರಕ್ತಪಿಪಾಸುವನ್ನು ಇಲ್ಲಿ ಯಾರೂ ನಂಬುವುದಿಲ್ಲ, ಮಾಟವನ್ನು ನಂಬುತ್ತಾರೆ. ವಾಮಾಚಾರದ ವಿರುದ್ಧ ಕರ್ನಾಟಕ 2017ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಅಂಥ ನೆಲದಲ್ಲಿ ಈ ಬಗೆಯ ಕಾದಂಬರಿಗಳನ್ನು ಬರಿಯ ರಂಜನೆಯೆಂದು ಹೊಗಳುವುದು ನನ್ನಿಂದಾಗದು.

ಬಿಸಿಲ ಬೀದರ್:
ಕಲ್ಲು ಹೊಡೆದವರಲ್ಲಿ ಎಷ್ಟು ಜನ ಕಾದಂಬರಿ ಓದಿದ್ದರು ಸರ್? ಆ ನಂಬಿಕೆ ಪುಸ್ತಕಕ್ಕಿಂತ ಹಳೆಯದು. ಅದನ್ನು ಓದಿಯೇ ನನ್ನ ಅಕ್ಕ ಮುಂದೆ ಮಂತ್ರವಾದಿಗಳನ್ನು ಹೊಸಿಲು ದಾಟಲು ಬಿಡಲಿಲ್ಲ. ಹಣಕ್ಕಾಗಿ ಮಗುವನ್ನು ಬಲಿ ಕೊಡಹೊರಡುವ ಮನುಷ್ಯರೇ ಅವಳಿಗೆ ಅಲ್ಲಿ ಕಂಡದ್ದು.

ಕರಿಹಲಗೆ:
ನಿಮ್ಮ ಅಕ್ಕನಂತೆ ಓದುವವರು ಹೆಚ್ಚಾಗಲಿ. ನಾನು ಕಂಡ ಹಳ್ಳಿಯಲ್ಲಿ ಆ ಹೆಂಗಸು ಊರನ್ನೇ ಬಿಟ್ಟಳು.

ಹಳೆಯ ಹಾಳೆ:
ಚರ್ಚೆ ಎಲ್ಲೆಲ್ಲಿಗೋ ಹೋಯಿತು. ಪ್ರಶ್ನೆ ಕೇಳಿದವರಿಗೆ ಮತ್ತೆ ಹೇಳುತ್ತೇನೆ: ಜೇಮ್ಸ್ ಓದಿ. ಮಕ್ಕಳನ್ನು ಕೊಂದು ಕಣ್ಣೀರು ಹಾಕಿಸುವ ಹಂಗು ಅವರಿಗಿಲ್ಲ.

ಇರುಳೋದು:
ಇದು ನಿಜವಲ್ಲ. ಗುಟ್ಟನ್ನು ಕಾಯಬೇಕೆಂದು ನಾನೇ ಹೇಳಿದ್ದರೂ ತಂದೆಯೊಬ್ಬರಿಗೆ ಇದನ್ನು ತಿಳಿಸದಿರಲಾರೆ. ತಿಳಿಯಬಾರದೆನ್ನುವವರು ಮುಂದಿನ ಎರಡು ವಾಕ್ಯಗಳನ್ನು ಬಿಟ್ಟುಬಿಡಿ. ಅದೇ ಸಂಕಲನದ ‘ಲಾಸ್ಟ್ ಹಾರ್ಟ್ಸ್’ ಕೊಲೆಯಾದ ಮಕ್ಕಳ ಕಥೆ. ‘ದಿ ಮೆಜೊಟಿಂಟ್’ ಕಥೆಯ ಚಿತ್ರದೊಳಗೆ ಹುಲ್ಲಿನ ಮೇಲೆ ತೆವಳಿ ಮನೆ ಹೊಕ್ಕ ಆಕೃತಿ ಹೊರಬರುವಾಗ ಅದರ ತೋಳಿನಲ್ಲಿ ಕೂಸಿರುತ್ತದೆ.

ಹಳೆಯ ಹಾಳೆ:
ಇರಬಹುದು, ಆದರೆ ಜೇಮ್ಸ್ ಆ ಕೂಸನ್ನು ನಮಗೆ ಪರಿಚಯಿಸಿ, ಗಾಳಿಪಟ ಹಾರಿಸಿ, ಆಮೇಲೆ ಕಸಿದುಕೊಳ್ಳುವುದಿಲ್ಲ. ಎಲ್ಲವೂ ಒಂದು ಹಳೆಯ ಚಿತ್ರದಲ್ಲಿ, ಎಂದೋ ಮುಗಿದುಹೋದ ಸಂಗತಿಯಾಗಿ ನಡೆಯುತ್ತದೆ. ಆ ದೂರವೇ ಅವರ ಕಲೆ. ಅದನ್ನು ಕಿಂಗ್ ಅವರೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಮಲೆನಾಡಿನ ಮಳೆ:
ದೂರದಲ್ಲಿ ನಿಂತು ಮಗುವಿನ ಸಾವನ್ನು ನೋಡುವುದು ಕಲೆ, ಹತ್ತಿರ ಹೋಗಿ ತಂದೆಯ ಜೊತೆ ಅಳುವುದು ಕೀಳು ಎನ್ನುವುದಾದರೆ ನನಗೆ ಆ ಕಲೆ ಬೇಡ.

ಹೊಸ ಓದುಗ:
ಎಲ್ಲರಿಗೂ ಕೃತಜ್ಞತೆಗಳು. ಜೇಮ್ಸ್ ಅವರ ಸಂಕಲನವನ್ನು ಉಚಿತ ತಾಣದಿಂದ ಇಳಿಸಿಕೊಂಡಿದ್ದೇನೆ. ‘ಕೌಂಟ್ ಮ್ಯಾಗ್ನಸ್’ನಿಂದ ತೊಡಗಿ, ಇರುಳೋದು ಅವರು ಹೆಸರಿಸಿದ ಎರಡು ಕಥೆಗಳನ್ನು ಸದ್ಯಕ್ಕೆ ಬಿಡುತ್ತೇನೆ. ಉಳಿದ ಹಣದಲ್ಲಿ ‘ಹಿಲ್ ಹೌಸ್’ ತರಿಸುತ್ತೇನೆ. ‘ತುಳಸಿದಳ’ದ ಪೂರ್ತಿ ಪ್ರತಿ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ತಿಳಿಸಿ.

ಬಿಸಿಲ ಬೀದರ್:
ಸಿಕ್ಕರೆ ಮೊದಲು ನನಗೆ ಆ ಹದಿನಾರು ಪುಟಗಳ ನೆರಳಚ್ಚು ಬೇಕು.